ಸಕ್ಕರೆ ಜಾಸ್ತಿಯಾದರೆ ಯೀಸ್ಟ್‌ಗೂ ಕಷ್ಟ

ಯೀಸ್ಟ್‌ಗೆ ಸಕ್ಕರೆ ಅಂದರೆ ಪ್ರಾಣ, ಹಾಗಾಗಿ ಸಕ್ಕರೆ ಸುರಿದಷ್ಟೂ ಬ್ರೆಡ್ ಉಬ್ಬುತ್ತದೆ ಅಂತ ನಂಬಿದವರು ಬಹಳ ಜನ. ಅವರೊಮ್ಮೆ ಇಟಲಿಯ ಮಿಲಾನ್‌ನ ಕ್ರಿಸ್‌ಮಸ್ ಬ್ರೆಡ್ ಪನೆಟ್ಟೋನೆ ಮಾಡಲು ಕೂರಬೇಕು. ಆಗ ಗೊತ್ತಾಗುತ್ತದೆ.

ಆ ಹೆಸರಿನಲ್ಲಿ ಮಾರುವ ಬ್ರೆಡ್‌ನಲ್ಲಿ ಕನಿಷ್ಠ ಶೇ. 16 ಬೆಣ್ಣೆ, ಶೇ. 20 ಒಣದ್ರಾಕ್ಷಿ ಮತ್ತು ಪಾಕದಲ್ಲಿ ನೆನೆಸಿದ ಹಣ್ಣಿನ ಸಿಪ್ಪೆ, ಶೇ. 4 ಮೊಟ್ಟೆಯ ಹಳದಿ ಇರಲೇಬೇಕು ಅನ್ನುತ್ತದೆ ಇಟಲಿಯ 2005ರ ನಿಯಮ. ಜೊತೆಗೆ ಸಕ್ಕರೆ, ಸಾಮಾನ್ಯವಾಗಿ ಮೈದಾದ ಕಾಲು ಭಾಗ ಅಥವಾ ಅದಕ್ಕೂ ಜಾಸ್ತಿ. ಯೀಸ್ಟ್‌ಗೆ ಕಷ್ಟ ಶುರುವಾಗುವುದೇ ಇಲ್ಲಿ.

ಮಾವಿನಕಾಯಿ ಹೋಳಿಗೆ ಉಪ್ಪು ಬೆರೆಸಿಟ್ಟರೆ ಬೆಳಗ್ಗೆ ಭರಣಿಯಲ್ಲಿ ನೀರು ನಿಂತಿರುತ್ತದೆ, ಹೋಳು ಮುದುಡಿರುತ್ತದೆ, ಅಲ್ವಾ? ಯೀಸ್ಟ್ ಕೋಶಕ್ಕೆ ಸಕ್ಕರೆ ಮಾಡುವುದೂ ಅದನ್ನೇ. ಹೊರಗೆ ಸಕ್ಕರೆ ದಟ್ಟವಾದಾಗ ಕೋಶದ ಒಳಗಿನ ನೀರು ಹೊರಬರುತ್ತದೆ. ತಮಾಷೆ ಏನೆಂದರೆ, ಯೀಸ್ಟ್ ತನ್ನ ಕಷ್ಟವನ್ನು ತಾನೇ ಹೆಚ್ಚಿಸಿಕೊಳ್ಳುತ್ತದೆ. ಅದು ಬಿಡುವ ಇನ್ವರ್ಟೇಸ್ ಎಂಬ ಕಿಣ್ವ ಸಕ್ಕರೆಯ ಒಂದೊಂದು ಅಣುವನ್ನೂ ಒಡೆದು ಗ್ಲೂಕೋಸ್, ಫ್ರಕ್ಟೋಸ್ ಅಂತ ಎರಡು ಮಾಡುತ್ತದೆ. ಕಣಗಳ ಸಂಖ್ಯೆ ಹೆಚ್ಚಿದಂತೆ ನೀರಿನ ಎಳೆತವೂ ಹೆಚ್ಚುತ್ತದೆ. ತಪ್ಪಿಸಿಕೊಳ್ಳಲು ಯೀಸ್ಟ್ ತನ್ನೊಳಗೆ ಗ್ಲಿಸರಾಲ್ ತುಂಬಿಕೊಳ್ಳುತ್ತದೆ. ಅದಕ್ಕೂ ಖರ್ಚಾಗುವುದು ತಿಂದ ಸಕ್ಕರೆಯೇ. ಹಿಟ್ಟು ಉಬ್ಬಿಸುವ ಕೆಲಸ ಹಿಂದೆ ಬೀಳುತ್ತದೆ.

ಮಿಲಾನ್‌ನ ಬೇಕರಿಯವರು ಇದಕ್ಕೆ ಕಂಡುಕೊಂಡ ಉಪಾಯ ಕಂತು. ಮೊದಲ ಕಂತಿನಲ್ಲಿ ಸ್ವಲ್ಪ ಸಕ್ಕರೆ, ಸ್ವಲ್ಪ ಬೆಣ್ಣೆ ಹಾಕಿ ನಾದಿ ರಾತ್ರಿಯಿಡೀ ಬಿಡುತ್ತಾರೆ. 10-12 ಗಂಟೆಯಲ್ಲಿ ಹಿಟ್ಟು ಮೂರು ಪಟ್ಟಾಗುತ್ತದೆ. ಉಳಿದದ್ದೆಲ್ಲ ಬೆಳಗ್ಗೆ. ಹುದುಗು ಬರಿಸಲು ಹಾಕುವುದು ಅಂಗಡಿಯ ಯೀಸ್ಟ್ ಅಲ್ಲ, ಮೈದಾ ಮತ್ತು ನೀರು ಕೊಟ್ಟು ಸಾಕುತ್ತಾ ಬಂದ ಗಟ್ಟಿ ಹುಳಿ ಹಿಟ್ಟು. ಅದನ್ನು ಬಟ್ಟೆಯಲ್ಲಿ ಸುತ್ತಿ ಹಗ್ಗ ಬಿಗಿದು ಇಡುತ್ತಾರೆ. ಒಳಗೆ ಯೀಸ್ಟ್ ಜೊತೆ ಲ್ಯಾಕ್ಟಿಕ್ ಆಮ್ಲದ ಬ್ಯಾಕ್ಟೀರಿಯಾ ಇರುತ್ತವೆ. ಹುಳಿ ಜಾಸ್ತಿಯಾದರೆ ಹಿಟ್ಟಿನ ಅಂಟು ಸಡಿಲವಾಗುತ್ತದೆ. ಆಗ ಅದನ್ನು ಹೋಳು ಮಾಡಿ, ಚೂರೇ ಚೂರು ಸಕ್ಕರೆ ಬೆರೆಸಿದ ಉಗುರುಬೆಚ್ಚಗಿನ ನೀರಿನಲ್ಲಿ ನೆನೆಸಿ ಹಿಂಡುತ್ತಾರೆ.

ಹಿಂದೆ ಮಿಲಾನ್ ಆಳುತ್ತಿದ್ದ ಡ್ಯೂಕ್ ಲುದೊವಿಕೊ ಸ್ಫೋರ್ಜಾನ ಅಡುಗೆಮನೆಯಲ್ಲಿ ಟೋನಿ ಅನ್ನುವ ಹುಡುಗ, ಸುಟ್ಟುಹೋದ ಸಿಹಿಗೆ ಬದಲಾಗಿ ಪನೆಟ್ಟೋನೆ ಮಾಡಿದ ಅನ್ನುವ ಕಥೆ ಇದೆ. ಸುಮ್ನೆ ಕಥೆ ಅಷ್ಟೆ. ಇವತ್ತಿನ ಎತ್ತರದ ಆಕಾರ ಬಂದದ್ದು 20ನೇ ಶತಮಾನದಲ್ಲಿ. 1919ರಲ್ಲಿ ಮಿಲಾನ್‌ನಲ್ಲಿ ಬೇಕರಿ ಶುರು ಮಾಡಿದ ಆಂಜೆಲೊ ಮೊಟ್ಟಾ ಹಿಟ್ಟಿಗೆ ಕಾಗದದ ಪಟ್ಟಿ ಸುತ್ತಿ ಮೇಲಕ್ಕೆ ಬೆಳೆಯುವಂತೆ ಮಾಡಿದ.

ಎತ್ತರವಾದ ಮೇಲೆ ಹೊಸ ತಲೆನೋವು. ಬೆಣ್ಣೆ ಅಂಟನ್ನು ಮೆತ್ತಗೆ ಮಾಡಿರುತ್ತದೆ. ಸಕ್ಕರೆ ನೀರನ್ನು ಹಿಡಿದಿಟ್ಟುಕೊಂಡದ್ದರಿಂದ ಪಿಷ್ಟ ಬೇಯುವುದೂ ತಡ. ಒಳಗಿನ ಬಿಸಿ 92-94 ಡಿಗ್ರಿ ಮುಟ್ಟಿ ಓವನ್‌ನಿಂದ ಹೊರಬಂದಾಗಲೂ ಬ್ರೆಡ್ ತನ್ನ ಭಾರಕ್ಕೆ ತಾನೇ ಕುಸಿಯುವಷ್ಟು ಮೆತ್ತಗಿರುತ್ತದೆ. ಅದಕ್ಕೇ ತಳಕ್ಕೆ ಎರಡು ಕಬ್ಬಿಣದ ಕಡ್ಡಿ ಚುಚ್ಚಿ, ತಲೆಕೆಳಗಾಗಿ ನೇತುಹಾಕುತ್ತಾರೆ. ಪೂರ್ತಿ ಆರಿ ಗಟ್ಟಿಯಾಗುವ ತನಕ ಗಂಟೆಗಟ್ಟಲೆ ಹಾಗೇ ತೂಗುತ್ತಿರುತ್ತದೆ.

ಫೆಬ್ರವರಿ 3ರಂದು, ಸಂತ ಬಿಯಾಜೊ ಹಬ್ಬದ ದಿನ, ಮಿಲಾನ್‌ನವರು ಕ್ರಿಸ್‌ಮಸ್‌ನಿಂದ ಎತ್ತಿಟ್ಟ ಪನೆಟ್ಟೋನೆ ತುಂಡು ತಿನ್ನುತ್ತಾರೆ. ವರ್ಷಪೂರ್ತಿ ಗಂಟಲು ನೋವು ಬರುವುದಿಲ್ಲವಂತೆ. ಹಬ್ಬ ಮಾಡಲಿ, ತಿನ್ನಲಿ, ಆದರೆ ಗಂಟಲು ನೋವು ಬಂದರೆ ಡಾಕ್ಟರ ಹತ್ತಿರ ಹೋಗಲಿ. ನನಗೆ ಕುತೂಹಲ ಇರುವುದು 40 ದಿನದ ಆ ತುಂಡಿನ ಮೇಲೆ. ಗಾಳಿಯಾಡದಂತೆ ಕಟ್ಟಿಟ್ಟರೆ ಅದಕ್ಕೆ ಬೂಸ್ಟು ಅಷ್ಟು ಸುಲಭವಾಗಿ ಹಿಡಿಯುವುದಿಲ್ಲ. ಹುಳಿ ಹಿಟ್ಟಿನ ಆಮ್ಲ ಒಂದು ಕಾರಣ. ಇನ್ನೊಂದು, ಯೀಸ್ಟ್‌ನಿಂದ ನೀರು ಕಿತ್ತುಕೊಂಡ ಅದೇ ಸಕ್ಕರೆ ಬೂಸ್ಟಿಗೂ ನೀರು ಸಿಗದ ಹಾಗೆ ಮಾಡುತ್ತದೆ.