ಒಂದೇ ಜಾಡಿನ ಆಟ, ಬಯಲಿಗೆ ಬಿಟ್ಟ ಆಟ: ಪಾತ್ರ ಕಟ್ಟುವ ಲೆಕ್ಕ

ಕೊಡಗಿನ ತಡಿಯಂಡಮೋಳು ಹತ್ತಲು ಹೊರಟವರ ಚೀಲ ಹಗುರವಾಗಿರುತ್ತದೆ. 1,748 ಮೀಟರ್ ಎತ್ತರದ ಆ ಬೆಟ್ಟಕ್ಕೆ ನಾಲ್ಕುನಾಡು ಅರಮನೆಯ ಕಡೆಯಿಂದ ಸವೆದ ಜಾಡಿದೆ. ಕಾಡು ಎಲ್ಲಿ ಮುಗಿಯುತ್ತದೆ, ಹುಲ್ಲುಗಾವಲು ಎಲ್ಲಿ ಶುರುವಾಗುತ್ತದೆ ಎಂಬುದು ಮೊದಲೇ ಗೊತ್ತಿರುವುದರಿಂದ ನೀರು, ಬುತ್ತಿ, ಒಂದು ರೇನ್‌ಕೋಟು ಸಾಕು. ತೋಟ, ಗದ್ದೆ, ಹೊಳೆಬದಿ ಎಂದು ಕಾಲು ಹೋದ ಕಡೆ ದಿನವಿಡೀ ತಿರುಗುವವರ ಕೈಚೀಲದಲ್ಲಿ ಕತ್ತಿ, ಟಾರ್ಚು, ಜಿಗಣೆಗೆ ಉಪ್ಪು ಮತ್ತು ಹೊಗೆಸೊಪ್ಪು, ಒಂದು ತುಂಡು ಹಗ್ಗ ಎಲ್ಲ ಇರುತ್ತವೆ. ಯಾವುದು ಯಾವಾಗ ಬೇಕಾದೀತೋ ಹೇಳಲಾಗದು.

ನಾವೇ ಒಂದು ಪಾತ್ರವಾಗಿ ಆಡುವ ರೋಲ್ ಪ್ಲೇಯಿಂಗ್ ಗೇಮ್‌ಗಳಲ್ಲಿ ಆ ಪಾತ್ರ ಕಟ್ಟುವುದೂ ಇಂಥದೇ ಚೀಲ ತುಂಬುವ ಕೆಲಸ. ಕಥೆ ಹಿಡಿದ ದಾರಿಯಲ್ಲೇ ನಡೆಸುವ ಲೀನಿಯರ್ ಆಟಕ್ಕೂ, ನಕ್ಷೆಯನ್ನೆಲ್ಲ ಬಿಚ್ಚಿಟ್ಟು ‘ಎಲ್ಲಿಗಾದರೂ ಹೋಗು’ ಎನ್ನುವ ಓಪನ್ ವರ್ಲ್ಡ್ ಆಟಕ್ಕೂ ಒಂದೇ ಬಗೆಯ ಪಾತ್ರ ಒಗ್ಗುವುದಿಲ್ಲ. ಹೊಸಬರು ಇದನ್ನು ಗಮನಿಸದೆ ಮುಖ ತಿದ್ದಲು ಎರಡು ಗಂಟೆ ಕೊಟ್ಟು, ಅಂಕಿಗಳನ್ನು ಎರಡೇ ನಿಮಿಷದಲ್ಲಿ ಒತ್ತಿ ಮುಗಿಸುತ್ತಾರೆ. ಇಪ್ಪತ್ತು ಗಂಟೆ ಆಡಿದ ಮೇಲೆ ಒಬ್ಬ ಶತ್ರುವಿನ ಮುಂದೆ ಸಿಕ್ಕಿಬಿದ್ದು, ಆಟವೇ ಕಷ್ಟ ಎಂದು ಬಿಟ್ಟುಬಿಡುತ್ತಾರೆ. ಬಹಳ ಸಲ ತಪ್ಪು ಮೊದಲ ಪರದೆಯಲ್ಲೇ ಆಗಿರುತ್ತದೆ.

ಗುಣಗಳಿಗೆ ಅಂಕಿ ಕೊಡುವ ಪದ್ಧತಿ ಬಂದದ್ದು ಕಾಗದ, ದಾಳ ಇಟ್ಟುಕೊಂಡು ಮೇಜಿನ ಸುತ್ತ ಕೂತು ಆಡುವ ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನಿಂದ. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಅದನ್ನು 1974ರಲ್ಲಿ ಹೊರತಂದರು. ಬಲ, ಚುರುಕು, ತಾಳಿಕೆ, ಬುದ್ಧಿ, ವಿವೇಕ, ವರ್ಚಸ್ಸು ಎಂಬ ಅದರ ಆರು ಗುಣಗಳೇ 2023ರ ಕಂಪ್ಯೂಟರ್ ಆಟ ಬಾಲ್ಡರ್ಸ್ ಗೇಟ್ 3ರಲ್ಲೂ ಇವೆ. ಆರೂ 8ರಿಂದ ಶುರುವಾಗುತ್ತವೆ, ನಿಮ್ಮ ಕೈಯಲ್ಲಿ 27 ಅಂಕ ಇರುತ್ತದೆ. 13ರವರೆಗೆ ಮೆಟ್ಟಿಲಿಗೆ ಒಂದು ಅಂಕ, 14ಕ್ಕೂ 15ಕ್ಕೂ ಎರಡೆರಡು. ಹಾಗಾಗಿ ಒಂದು ಗುಣವನ್ನು 15ಕ್ಕೆ ಏರಿಸಲು 9 ಅಂಕ ಹೋಗುತ್ತದೆ. ಇದರ ಮೇಲೆ ಯಾವುದಾದರೂ ಒಂದು ಗುಣಕ್ಕೆ 2, ಇನ್ನೊಂದಕ್ಕೆ 1 ಪುಕ್ಕಟೆ ಸಿಗುತ್ತದೆ.

ದಾಳ ಎಸೆಯುವಾಗ ಆಟ ಈ ಅಂಕಿಯನ್ನು ನೇರವಾಗಿ ಕೂಡಿಸುವುದಿಲ್ಲ. ಅದರಿಂದ 10 ಕಳೆದು, ಉಳಿದದ್ದನ್ನು ಅರ್ಧ ಮಾಡಿ, ಕೆಳಕ್ಕೆ ಇಳಿಸಿ ಕೂಡಿಸುತ್ತದೆ. 12ಕ್ಕೂ 13ಕ್ಕೂ ಸಿಗುವುದು ಒಂದೇ ಒಂದು, 14ಕ್ಕೂ 15ಕ್ಕೂ ಎರಡು, 16ಕ್ಕೂ 17ಕ್ಕೂ ಮೂರು. 8 ಇದ್ದರೆ ಒಂದು ಕಳೆಯುತ್ತದೆ. ಎಲ್ಲದಕ್ಕೂ ಸಮನಾಗಿ ಹಂಚೋಣ ಎಂದು 13, 13, 13, 12, 12, 12 ಇಟ್ಟರೆ 27 ಸರಿಯಾಗಿ ಮುಗಿಯುತ್ತದೆ, ಆದರೆ ಮೂರು ಬೆಸ ಅಂಕಿಗಳಿಗೆ ಕೊಟ್ಟ ಮೂರು ಅಂಕದಿಂದ ಕವಡೆಯ ಲಾಭವೂ ಇಲ್ಲ. ಅದರ ಬದಲು 15, 14, 14, 12, 8, 8 ಎಂದು ಹಂಚಿ. ಅದಕ್ಕೂ 27 ಅಂಕವೇ. ಪುಕ್ಕಟೆ ಒಂದನ್ನು 15ಕ್ಕೆ, ಎರಡನ್ನು ಒಂದು 14ಕ್ಕೆ ಸೇರಿಸಿದರೆ 16, 16, 14, 12, 8, 8 ಆಗುತ್ತದೆ. ಎಲ್ಲವೂ ಸಮ, ಒಂದೂ ಹಾಳಾಗಿಲ್ಲ. ನಾಲ್ಕನೇ ಲೆವೆಲ್‌ನಲ್ಲಿ, ಅಂದರೆ ಪಾತ್ರದ ಬೆಳವಣಿಗೆಯ ನಾಲ್ಕನೇ ಹಂತದಲ್ಲಿ, ಒಂದು ಅಂಕ ಏರಿಸುವ ಯೋಜನೆ ಇದ್ದರೆ ಮಾತ್ರ 17ರಿಂದ ಶುರು ಮಾಡಿ.

ಇಪ್ಪತ್ತು ಮುಖದ ದಾಳದಲ್ಲಿ ಪ್ರತಿ ಒಂದಕ್ಕೂ ಶೇಕಡ 5 ಬೆಲೆ. 15 ಮುಟ್ಟಬೇಕಾದ ಪರೀಕ್ಷೆಗೆ ಮೂರರ ಬಲ ಇದ್ದವರು 12 ಅಥವಾ ಅದಕ್ಕಿಂತ ಹೆಚ್ಚು ಬೀಳಿಸಿದರೆ ಸಾಕು. ಅಂದರೆ ಒಂಬತ್ತು ಮುಖ, ಶೇಕಡ 45. ಒಂದು ಕಳೆಯುವವರಿಗೆ 16 ಬೀಳಬೇಕು, ಅವರಿಗಿರುವುದು ಶೇಕಡ 25. ಇದು ತರಬೇತಿಯಿಂದ ಬರುವ ಅಂಕವನ್ನು ಬಿಟ್ಟ ಲೆಕ್ಕ. ಎರಡು ದಾಳ ಎಸೆದು ದೊಡ್ಡದನ್ನು ಇಟ್ಟುಕೊಳ್ಳುವ ಅವಕಾಶ ಸಿಕ್ಕರೆ ಶೇಕಡ 45 ಇದ್ದದ್ದು ಸುಮಾರು 70ಕ್ಕೆ ಏರುತ್ತದೆ: ಎರಡೂ ಸಲ ಸೋಲುವ ಸಾಧ್ಯತೆ 0.55 ಗುಣಿಸು 0.55, ಅದು ಸುಮಾರು 0.30. ಒಂದು ಗುಣವನ್ನು ಎರಡು ಮೆಟ್ಟಿಲು ಏರಿಸಿದರೆ ಶೇಕಡ 5 ಸಿಗುವ ಕಡೆ, ಆ ಅವಕಾಶವೊಂದರಿಂದಲೇ 25 ಸಿಗುತ್ತದೆ. ಅಂಕಿಯ ಮೇಲಷ್ಟೇ ಕಣ್ಣಿಟ್ಟವರಿಗೆ ಇದು ತಪ್ಪಿಹೋಗುತ್ತದೆ.

ಎಲ್ಲ ಆಟದಲ್ಲೂ ಮೆಟ್ಟಿಲುಗಳ ಎತ್ತರ ಒಂದೇ ಸಮ ಇರುವುದಿಲ್ಲ. 2022ರ ಎಲ್ಡನ್ ರಿಂಗ್‌ನಲ್ಲಿ ವಿಗರ್ ಎಂಬ ಗುಣ ಹೆಚ್ಚಿಸಿದಷ್ಟೂ ಪಾತ್ರದ ಜೀವಬಲ ಹೆಚ್ಚುತ್ತದೆ. ವಿಗರ್ 25ರಲ್ಲಿ ಜೀವಬಲ 800, 40ರಲ್ಲಿ 1,450, 60ರಲ್ಲಿ 1,900, ಕೊನೆಯ ಮೆಟ್ಟಿಲಾದ 99ರಲ್ಲಿ 2,100. ಭಾಗಿಸಿ ನೋಡಿ: 25ರಿಂದ 40ರವರೆಗೆ ಮೆಟ್ಟಿಲಿಗೆ ಸುಮಾರು 43 ಬರುತ್ತದೆ, 60ರವರೆಗೆ 22 ಚಿಲ್ಲರೆ, ಅಲ್ಲಿಂದಾಚೆ ಬರೀ 5. ಕಾಫಿ ಗಿಡಕ್ಕೆ ಗೊಬ್ಬರ ಸುರಿದಂತೆಯೇ. ಒಂದು ಹಂತದವರೆಗೆ ಫಸಲು ಏರುತ್ತದೆ, ಆಮೇಲೆ ಸುರಿದದ್ದು ಮಣ್ಣುಪಾಲು. ಪ್ರತಿ ಲೆವೆಲ್‌ಗೂ ಹಿಂದಿನದಕ್ಕಿಂತ ಹೆಚ್ಚು ಬೆಲೆ ತೆರಬೇಕಾದ ಆಟದಲ್ಲಿ ಈ ಬಾಗು ಎಲ್ಲಿದೆ ಎಂದು ತಿಳಿಯದೆ ಏರಿಸುತ್ತ ಹೋಗುವುದು ದೊಡ್ಡ ನಷ್ಟ.

ಈಗ ದಾರಿಯ ವಿಷಯ. ಲೀನಿಯರ್ ಆಟದಲ್ಲಿ, ಐದನೇ ಅಧ್ಯಾಯಕ್ಕೆ ಬಂದ ಆಟಗಾರರ ಬಲ ಎಷ್ಟಿರುತ್ತದೆ ಎಂಬುದು ಆಟ ಕಟ್ಟಿದವರಿಗೆ ಹೆಚ್ಚುಕಡಿಮೆ ಗೊತ್ತಿರುತ್ತದೆ. 2009ರಲ್ಲಿ ಜಪಾನಿನಲ್ಲಿ ಬಂದ ಫೈನಲ್ ಫ್ಯಾಂಟಸಿ 13 ಇದನ್ನು ಬಿಗಿಯಾಗಿಯೇ ಮಾಡಿತು. ಕಥೆ ಮುಂದೆ ಹೋಗದೆ ಪಾತ್ರದ ಬೆಳವಣಿಗೆಯ ಮುಂದಿನ ಹಂತ ತೆರೆಯುವುದೇ ಇಲ್ಲ, ವಿಶಾಲವಾದ ಬಯಲು ಸಿಗುವುದು ಹನ್ನೊಂದನೇ ಅಧ್ಯಾಯದಲ್ಲಿ. ಇಂಥ ಕಡೆ ಪಾತ್ರವನ್ನು ಒಂದೇ ಕೆಲಸಕ್ಕೆ ಹರಿತಗೊಳಿಸಬಹುದು. ಮುಂದಿನ ತಿರುವಿಗೆ ಏನು ಬೇಕೋ ಅದನ್ನು ಆಟವೇ ಹಿಂದಿನ ತಿರುವಿನಲ್ಲಿ ಇಟ್ಟಿರುತ್ತದೆ. ಕೈಕೊಡುವುದು ಒಂದೇ ಜಾಗದಲ್ಲಿ: ಬೆಂಕಿಯ ಮಂತ್ರ ಒಂದನ್ನೇ ಬೆಳೆಸಿದ್ದೀರಿ, ಎದುರು ಬಂದವನಿಗೆ ಬೆಂಕಿ ತಾಗುವುದಿಲ್ಲ, ಹಿಂದಿನ ಬಾಗಿಲು ಮುಚ್ಚಿದೆ, ಅಂಗಡಿಗೆ ವಾಪಸ್ ಹೋಗುವಂತಿಲ್ಲ. ಅಂಗಡಿ ಇರುವ ಕೊನೆಯ ಊರಿನಲ್ಲಿ ಒಂದು ಸೇವ್ (ಅಲ್ಲಿಯವರೆಗೆ ಆಡಿದ್ದನ್ನು ಉಳಿಸಿದ ಕಡತ) ಬೇರೆಯೇ ಇಟ್ಟು, ಅದರ ಮೇಲೆ ಮತ್ತೆ ಬರೆಯದಿದ್ದರೆ ಈ ಸಂಕಟ ಇಲ್ಲ.

ಓಪನ್ ವರ್ಲ್ಡ್‌ನಲ್ಲಿ ಕಟ್ಟಿದವರಿಗೇ ಕತ್ತಲು. ಹತ್ತು ಕೆಲಸಗಳನ್ನು ಆಟಗಾರರು ಬೇಕಾದ ಕ್ರಮದಲ್ಲಿ ಮಾಡಬಹುದು ಎಂದರೆ ಸಾಧ್ಯವಿರುವ ಕ್ರಮಗಳು 36,28,800. ಪ್ರತಿಯೊಂದಕ್ಕೂ ಬೇರೆ ಕಥೆ ಬರೆಯಲು ಯಾರಿಂದಲೂ ಆಗದು. ಅದಕ್ಕೇ ಆಟ ಪ್ರತಿ ಘಟನೆಗೂ ಒಂದು ಗುರುತು ಇಡುತ್ತದೆ: ಸೇತುವೆ ಮುರಿದಿದೆ, ಮುಖಂಡ ಬದುಕಿದ್ದಾನೆ, ಪತ್ರ ಸಿಕ್ಕಿಲ್ಲ. ಈ ಗುರುತುಗಳು ಒಂದಕ್ಕೊಂದು ತಾಳೆಯಾಗದ ಕಡೆಯಲ್ಲೇ ಸತ್ತವನು ಎದ್ದು ಬಂದು ಕೆಲಸ ಹೇಳುವಂಥ ದೋಷಗಳು ಹುಟ್ಟುವುದು. 2002ರ ಮೊರೋವಿಂಡ್‌ನಲ್ಲಿ ಮುಖ್ಯ ಕಥೆಗೆ ಬೇಕಾದವನನ್ನು ಕೊಂದರೆ, ಭವಿಷ್ಯವಾಣಿಯ ಎಳೆ ಕಡಿಯಿತು, ಹಳೆಯ ಸೇವ್‌ಗೆ ಹೋಗು ಇಲ್ಲವೇ ಕೆಟ್ಟ ಲೋಕದಲ್ಲೇ ಮುಂದುವರಿ ಎಂದು ಆಟ ಹೇಳುತ್ತಿತ್ತು. ಅದರ ಮುಂದಿನ ಆಟ, 2006ರ ಆಬ್ಲಿವಿಯನ್, ಅಂಥವರನ್ನು ಸಾಯದವರನ್ನಾಗಿ ಮಾಡಿತು. ಹೊಡೆದರೆ ಮೂರ್ಛೆ ಬಿದ್ದು ಏಳುತ್ತಾರೆ. ದಾರಿ ಕೆಡಲಿಲ್ಲ ನಿಜ, ಆದರೆ ಮೊರೋವಿಂಡ್‌ನ ಆ ಎಚ್ಚರಿಕೆಯಲ್ಲಿ ಆಡುವವರ ಮೇಲಿದ್ದ ಗೌರವವೇ ದೊಡ್ಡದು.

ಆಬ್ಲಿವಿಯನ್ ಇನ್ನೊಂದು ಪಾಠಕ್ಕೂ ಬೇಕು. ಆಟಗಾರರು ಎಲ್ಲಿಗೆ ಬೇಕಾದರೂ ಹೋಗುವುದರಿಂದ, ಶತ್ರುಗಳ ಬಲವನ್ನು ಅದು ಆಟಗಾರರ ಲೆವೆಲ್‌ಗೆ ಕಟ್ಟಿಹಾಕಿತು. ಏಳು ಮುಖ್ಯ ಕೌಶಲಗಳನ್ನು ಆರಿಸಿಕೊಳ್ಳಬೇಕು, ಅವುಗಳಲ್ಲಿ ಒಟ್ಟು ಹತ್ತು ಏರಿಕೆಯಾದರೆ ಒಂದು ಲೆವೆಲ್. ಮಾತುಗಾರಿಕೆ, ವ್ಯಾಪಾರ, ಔಷಧಿ ತಯಾರಿ ಎಂದು ಆರಿಸಿಕೊಂಡವರು ಸಂತೆಯಲ್ಲಿ ಚೌಕಾಸಿ ಮಾಡುತ್ತಲೇ ಲೆವೆಲ್ ಏರುತ್ತಾರೆ. ಜೊತೆಗೆ ಕಾಡಿನ ಪ್ರಾಣಿ, ದಾರಿಗಳ್ಳರೆಲ್ಲ ಬಲಿಯುತ್ತಾರೆ. ಕತ್ತಿ ಹಿಡಿಯುವ ಕೈ ಮಾತ್ರ ಇದ್ದಲ್ಲೇ ಇರುತ್ತದೆ. ಕೊನೆಗೆ ನಾಲ್ಕು ಕಾಸಿಗೆ ಅಡ್ಡಗಟ್ಟುವ ಕಳ್ಳನೂ ಲೋಕದಲ್ಲೇ ಅಪರೂಪದ ಗಾಜಿನ ಕವಚ ತೊಟ್ಟು ಬರುತ್ತಾನೆ. ಬೆಳೆದಷ್ಟೂ ದುರ್ಬಲವಾಗುವ ಪಾತ್ರ ಇದು. ಶತ್ರುಗಳು ನಿಮ್ಮ ಜೊತೆ ಬೆಳೆಯುವ ಆಟದಲ್ಲಿ ಮುಖ್ಯ ಕೌಶಲಗಳ ಪೈಕಿ ಒಂದು ಆಯುಧ, ಒಂದು ರಕ್ಷಣೆ, ಒಂದು ಗುಣಪಡಿಸುವ ವಿದ್ಯೆ ಇರಲೇಬೇಕು. ಉಳಿದವು ನಿಮ್ಮಿಷ್ಟ.

2015ರ ವಿಚರ್ 3 ಹಾಗೆ ಮಾಡದೆ ಪ್ರದೇಶಕ್ಕೊಂದು ಬಲ ಗೊತ್ತುಮಾಡಿತು. ನಿಮ್ಮ ಅಳತೆ ಮೀರಿದ ಶತ್ರುವಿನ ಮೇಲೆ ತಲೆಬುರುಡೆಯ ಗುರುತು ಕಾಣುತ್ತದೆ. ಎಲ್ಡನ್ ರಿಂಗ್ ಗುರುತನ್ನೂ ಕೊಡುವುದಿಲ್ಲ. ಹೊರಗೆ ಕಾಲಿಟ್ಟ ತಕ್ಷಣ ಚಿನ್ನದ ಕವಚದ ಕುದುರೆ ಸವಾರನೊಬ್ಬನನ್ನು ದಾರಿಯಲ್ಲೇ ನಿಲ್ಲಿಸಿದೆ. ಅವನ ಕೈಯಲ್ಲಿ ಹತ್ತು ಸಲ ಸಾಯುವ ಅಗತ್ಯವಿಲ್ಲ, ಬಳಸಿಕೊಂಡು ಹೋಗಿ ಎಂದು ಕಲಿಸುವುದೇ ಅವನ ಕೆಲಸ. ಆನೆ ನಿಂತ ತೋಟದ ದಾರಿಯನ್ನು ಬಿಟ್ಟು ಸುತ್ತಿ ಬರುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅಂಥ ಲೋಕಕ್ಕೆ ಹರಿತಕ್ಕಿಂತ ತಾಳಿಕೆ ಮುಖ್ಯ: ಮೊದಲು ಜೀವಬಲ, ಆಮೇಲೆ ಆಯುಧ ಎತ್ತಲು ಬೇಕಾದಷ್ಟೇ ಬಲ, ದೂರದಿಂದ ಹೊಡೆಯಲು ಒಂದು ಉಪಾಯ.

ಬಾಲ್ಡರ್ಸ್ ಗೇಟ್ 3ರ ಎರಡು 8ಗಳು ಇಲ್ಲಿ ಮತ್ತೆ ನೆನಪಾಗಬೇಕು. ಅಲ್ಲಿ ನಾಲ್ವರ ತಂಡ ಇರುವುದರಿಂದ ಒಬ್ಬರ ಕೊರತೆಯನ್ನು ಇನ್ನೊಬ್ಬರು ತುಂಬುತ್ತಾರೆ. ಒಂಟಿಯಾಗಿ ತಿರುಗುವ ಆಟದಲ್ಲಿ ನಿಮ್ಮ ಕೊರತೆಯನ್ನು ನೀವೇ ಹೊರಬೇಕು. ತಪ್ಪಾದರೆ ತಿದ್ದಿಕೊಳ್ಳುವ ದಾರಿ ಇದೆಯೇ ಎಂದು ಮೊದಲೇ ವಿಚಾರಿಸಿ. ಬಾಲ್ಡರ್ಸ್ ಗೇಟ್ 3ರಲ್ಲಿ ಬಿಡಾರದಲ್ಲಿರುವ ವಿದರ್ಸ್ ಎಂಬ ಪಾತ್ರಕ್ಕೆ 100 ಚಿನ್ನದ ನಾಣ್ಯ ಕೊಟ್ಟರೆ ಅಂಕಗಳನ್ನು ಹೊಸದಾಗಿ ಹಂಚಬಹುದು.

ಮುಖ ತಿದ್ದುವುದರ ಹಿಂದೆಯೂ ಲೆಕ್ಕವೇ ಇದೆ. ಸಾವಿರಾರು ಬಿಂದುಗಳ ಬಲೆಯಿಂದ ಒಂದು ಮೂಲ ತಲೆ ಮಾಡಿರುತ್ತಾರೆ. ‘ಅಗಲ ದವಡೆ’ಯ ಸ್ಲೈಡರ್ ಎಂದರೆ ಪ್ರತಿ ಬಿಂದುವೂ ಎತ್ತ, ಎಷ್ಟು ಸರಿಯಬೇಕು ಎಂಬ ಪಟ್ಟಿ. ಅರ್ಧ ಎಳೆದರೆ ಬಿಂದುಗಳು ಅರ್ಧ ದೂರ ಸರಿಯುತ್ತವೆ. ಎರಡು ಸ್ಲೈಡರ್ ಎಳೆದರೆ ಎರಡು ಸರಿತಗಳೂ ಕೂಡುತ್ತವೆ. ಹೀಗಾಗಿ ಬೇರೆಬೇರೆ ನೋಡಿದಾಗ ಚೆನ್ನಾಗಿದ್ದ ಅಗಲ ದವಡೆಯೂ ಒಳಸರಿದ ತುಟಿಯೂ ಸೇರಿದಾಗ, ಮಾತಾಡುವ ಹೊತ್ತಿಗೆ ಹಲ್ಲು ತುಟಿಯನ್ನು ತೂರಿ ಬರುತ್ತದೆ. ಮೊದಲು ತಲೆಯ ಅಗಲ, ದವಡೆ, ಕೆನ್ನೆಯ ಮೂಳೆ ಗೊತ್ತುಮಾಡಿ, ಆಮೇಲೆ ಕಣ್ಣುಗಳ ನಡುವಿನ ಅಂತರ, ಕೊನೆಗೆ ಮೂಗು, ತುಟಿ. ಪ್ರತಿ ಹಂತದಲ್ಲೂ ಪಕ್ಕದಿಂದ ತಿರುಗಿಸಿ ನೋಡಿ. ಎದುರಿನಿಂದ ಮಾತ್ರ ತಿದ್ದಿದ ಮೂಗು ಪಕ್ಕದಿಂದ ಚಪ್ಪಟೆ ಕಾಣುವುದು ಸಾಮಾನ್ಯ. ಪಾತ್ರ ಕಟ್ಟುವ ಕೋಣೆಯ ಬೆಳಕು ಹೊರಗೆ ಇರುವುದಿಲ್ಲ ಎಂಬುದೂ ನೆನಪಿರಲಿ. ನಮ್ಮ ಬಣ್ಣಕ್ಕೆ ಸರಿಹೊಂದಿಸಿದ ಮೈ ಮೋಡ ಕವಿದ ಕಾಡಿನಲ್ಲಿ ತೀರ ಕಪ್ಪಾಗಿ ಕಂಡೀತು. ಹಗಲು, ಇರುಳು, ದೀಪದ ಬೆಳಕು ಮೂರರಲ್ಲೂ ನೋಡುವ ತನಕ ಮೊದಲ ಸೇವ್ ಅಳಿಸಬೇಡಿ.

ಕೊಡವ ಉಡುಗೆಯ ಕುಪ್ಯ, ಚೇಲೆ, ಪೀಚೆ ಕತ್ತಿ ತೊಟ್ಟ ಪಾತ್ರ ಕಟ್ಟುವ ಆಸೆ ಕೊಡಗಿನ ಹುಡುಗರಿಗೆ ಸಹಜ. ಬಟ್ಟೆಗೆ ಬಣ್ಣ ಹಾಕುವ ಸೌಲಭ್ಯ ಇದ್ದರೆ ಮೊಣಕಾಲು ಮುಟ್ಟುವ ಕಪ್ಪು ನಿಲುವಂಗಿ ಮತ್ತು ಕೆಂಪು ಸೊಂಟಪಟ್ಟಿಯಿಂದ ಹತ್ತಿರಕ್ಕೆ ಬರಬಹುದು. ತೊಡಕು ಕತ್ತಿಯದು. ಆಯುಧ ತೂಗುವ ಜಾಗವನ್ನು ಪಾತ್ರದ ಒಳಗಿನ ಮೂಳೆಯೊಂದಕ್ಕೆ ಕಟ್ಟಿರುತ್ತಾರೆ, ಅದು ಸಾಮಾನ್ಯವಾಗಿ ಸೊಂಟದ ಪಕ್ಕದಲ್ಲೋ ಬೆನ್ನಿನ ಮೇಲೋ ಇರುತ್ತದೆ. ಹೊಟ್ಟೆಯ ಮುಂದೆ ಸಿಕ್ಕಿಸುವ ಪೀಚೆ ಕತ್ತಿಗೆ ಅಂಥ ಗೂಟವೇ ಇಲ್ಲ. ಕಂಪ್ಯೂಟರ್ ಆಟಗಳಲ್ಲಿ ಮಾಡ್ (ಆಟಗಾರರೇ ಮಾಡಿದ ಸೇರ್ಪಡೆ) ಹಾಕಿ ಅದನ್ನು ಸೇರಿಸುವವರು ಕತ್ತಿಯನ್ನು ಸೊಂಟದ ಮೂಳೆಗೆ ಕಟ್ಟಿ, ಮೈಯಿಂದ ತುಸು ಮುಂದೆ ಇಡಬೇಕು. ತೀರ ಹತ್ತಿರ ಇಟ್ಟರೆ ಪಾತ್ರ ಕೂತಾಗ ಒರೆ ಹೊಟ್ಟೆಯೊಳಗೆ ಹೂತುಹೋಗುತ್ತದೆ.

ಆಯ್ಕೆಯಲ್ಲಿ ನಮ್ಮ ಮಳೆಗಾಲಕ್ಕೂ ಪಾಲಿದೆ. ಬಾಲ್ಡರ್ಸ್ ಗೇಟ್ 3ಕ್ಕೆ 150 ಜಿಬಿ ಜಾಗ ಬೇಕು. ಸೆಕೆಂಡಿಗೆ 20 ಮೆಗಾಬಿಟ್ ಬರುವ ಸಂಪರ್ಕದಲ್ಲಿ ಅಷ್ಟನ್ನು ಇಳಿಸಲು ಸುಮಾರು 17 ಗಂಟೆ ಬೇಕು, ಅದೂ ನಡುವೆ ಕಡಿಯದಿದ್ದರೆ. ಆದ್ದರಿಂದ ಜೂನ್‌ಗೆ ಮೊದಲೇ ಇಳಿಸಿ, ನೆಟ್ ಇರುವಾಗಲೇ ಒಮ್ಮೆ ತೆರೆದು, ಆಫ್‌ಲೈನ್‌ನಲ್ಲಿ ಓಡುತ್ತದೆಯೇ ಎಂದು ಪರೀಕ್ಷಿಸಿ. ಕರೆಂಟ್ ಹೋಗುವ ಊರಿನಲ್ಲಿ, ಗೊತ್ತಾದ ಜಾಗದಲ್ಲಿ ಮಾತ್ರ ಸೇವ್ ಆಗುವ ಲೀನಿಯರ್ ಆಟ ಅರ್ಧ ಗಂಟೆಯ ಶ್ರಮವನ್ನು ನುಂಗಬಹುದು. ಎಲ್ಲಿ ಬೇಕಾದರೂ ಸೇವ್ ಮಾಡಲು ಬಿಡುವ ಬಯಲಿನ ಆಟ ಈ ವಿಷಯದಲ್ಲಿ ವಾಸಿ. ಕಾಫಿ ಕೊಯ್ಲಿನ ತಿಂಗಳುಗಳಲ್ಲಿ ಲೆಕ್ಕ ತಿರುಗುಮುರುಗು. ಮೂರು ವಾರ ಬಿಟ್ಟು ಕೂತರೆ ಬಯಲಿನ ಆಟದಲ್ಲಿ ಎಲ್ಲಿಗೆ, ಯಾಕೆ ಹೊರಟಿದ್ದೆವು ಎಂಬುದೇ ಮರೆತಿರುತ್ತದೆ, ಲೀನಿಯರ್ ಆಟ ನಿಂತಲ್ಲಿಂದಲೇ ಕೈಹಿಡಿದು ನಡೆಸುತ್ತದೆ.

ನೆಟ್ ಇಲ್ಲದೆ ನಾಲ್ಕು ದಿನ ಆಡಿ, ಸಂಪರ್ಕ ಬಂದ ಕೂಡಲೇ ಆಟ ಒಂದು ಪ್ರಶ್ನೆ ಕೇಳಬಹುದು: ಯಂತ್ರದಲ್ಲಿರುವ ಸೇವ್ ಇಟ್ಟುಕೊಳ್ಳಲೇ, ಕ್ಲೌಡ್‌ನಲ್ಲಿರುವುದನ್ನು ಇಳಿಸಲೇ? ಅವಸರದಲ್ಲಿ ಕ್ಲೌಡ್ ಒತ್ತಿದರೆ ಆ ನಾಲ್ಕು ದಿನ ಹೋದಂತೆಯೇ. ಉತ್ತರ ಕೊಡುವ ಮೊದಲು ಸೇವ್ ಫೋಲ್ಡರನ್ನು ಪೆನ್‌ಡ್ರೈವ್‌ಗೆ ನಕಲು ಮಾಡಿಕೊಳ್ಳಿ, ಎರಡರ ದಿನಾಂಕ, ಗಂಟೆ ನೋಡಿ, ಹೊಸದನ್ನು ಆರಿಸಿ.