ಆಕಾಶಕ್ಕೂ ಬೇಕು ಪರ್ಮಿಟ್ಟು

ನಮ್ಮ ಚಿಕ್ಕಪ್ಪನಿಗೆ ಒಂದು ಬಸ್ಸಿತ್ತು. ಮೂಡಿಗೆರೆಗೂ ಚಿಕ್ಕಮಗಳೂರಿಗೂ ಓಡುತ್ತಿತ್ತು. ಅದನ್ನು ಮಾರಿದಾಗ ನಾನು ಪಿಯುಸಿ ಓದುತ್ತಿದ್ದೆ. ಕೊಳ್ಳಲು ಬಂದವರು ಜಗಲಿಯಲ್ಲಿ ಕೂತು ಕಾಫಿ ಕುಡಿದರು. ಎಂಜಿನ್ ಹೇಗಿದೆ, ಟೈರು ಯಾವಾಗ ಹಾಕಿಸಿದ್ದು ಅಂತ ಒಬ್ಬರೂ ಕೇಳಲಿಲ್ಲ. ಕೇಳಿದ್ದು ಒಂದೇ: "ಬೆಳಿಗ್ಗೆ ಏಳೂವರೆ ಟೈಮಿಂಗು ಜೊತೆಗೇ ಬರುತ್ತೆ ತಾನೇ?" ಆ ಹೊತ್ತಿಗೆ ಹೊರಟರೆ ಶಾಲೆ ಮಕ್ಕಳು, ಆಫೀಸಿನವರು, ಆಸ್ಪತ್ರೆಗೆ ಹೋಗುವವರು ಎಲ್ಲ ಸಿಗುತ್ತಾರೆ. ಕೊನೆಗೆ ಬಸ್ಸಿಗೆ ಬಂದದ್ದು ಗುಜರಿ ರೇಟು. ಉಳಿದ ದುಡ್ಡೆಲ್ಲ ಬಂದದ್ದು ಪರ್ಮಿಟ್ಟಿಗೆ.

ಅವರೇ ಹೋದ ವರ್ಷ ಮೊದಲ ಸಲ ವಿಮಾನ ಹತ್ತಿದರು. ಶಿವಮೊಗ್ಗದಿಂದ ಬೆಂಗಳೂರಿಗೆ, ಜೊತೆಗೆ ನಾನು. ಚಿಕ್ಕಮಗಳೂರಿನಿಂದ ಶಿವಮೊಗ್ಗಕ್ಕೆ ಕಾರಲ್ಲಿ ಹೋಗುವಾಗ ಎರಡು ಗಂಟೆ ಅವರದು ಒಂದೇ ಪ್ರಶ್ನೆ. "ಇದಕ್ಕೆಲ್ಲ ಪರ್ಮಿಟ್ ಕೊಡೋರು ಯಾರು? ಟೈಮಿಂಗ್ ಜಗಳ ಇಲ್ವಾ ಇವರಿಗೆ?"

ಇದೆ ಚಿಕ್ಕಪ್ಪ, ಜೋರಾಗೇ ಇದೆ. ಅದರ ಒಳ್ಳೆ ಕಥೆಗಳಲ್ಲೊಂದು ನಮ್ಮ ಪಕ್ಕದ ಹಾಸನ ಜಿಲ್ಲೆಯದೇ.

ಗೊರೂರಿನ ಕ್ಯಾಪ್ಟನ್ ಗೋಪಿನಾಥ್ ಸೈನ್ಯ ಬಿಟ್ಟು ಬಂದು ಜಾವಗಲ್ ಹತ್ತಿರ ಬೇಸಾಯ ಮಾಡಿದವರು. ಅವರ ಕುಟುಂಬದ ಜಮೀನು ಹೇಮಾವತಿ ಅಣೆಕಟ್ಟಿಗೆ ಹೋಗಿತ್ತು. ಆಮೇಲೆ ಹೆಲಿಕಾಪ್ಟರ್ ಕಂಪನಿ ಮಾಡಿದರು. 2003ರ ಆಗಸ್ಟ್‌ನಲ್ಲಿ ಅವರ ಏರ್ ಡೆಕ್ಕನ್ ಕಂಪನಿಯ ವಿಮಾನ ಬೆಂಗಳೂರಿನಿಂದ ಹುಬ್ಬಳ್ಳಿಗೆ ಹಾರಿತು. ಒಂದು ರೂಪಾಯಿ ಟಿಕೆಟ್ಟಿನ ಸುದ್ದಿ ಆಗ ಎಲ್ಲರ ಬಾಯಲ್ಲೂ ಇತ್ತು. ಆದರೆ ನನಗೆ ಅದಕ್ಕಿಂತ ರುಚಿಯಾಗಿ ಕಾಣುವುದು 2007–08ರ ಸಂಗತಿ. ವಿಜಯ್ ಮಲ್ಯ ಅವರ ಕಿಂಗ್‌ಫಿಷರ್ ಶುರುವಾದದ್ದು 2005ರಲ್ಲಿ. ವಿದೇಶಕ್ಕೆ ಹಾರಬೇಕು ಅನ್ನುವ ಆಸೆ ಅದಕ್ಕೆ ಮೊದಲಿನಿಂದಲೂ ಇತ್ತು. ಆಗಿನ ನಿಯಮವೋ, ದೇಶದೊಳಗೆ 5 ವರ್ಷ ಓಡಿಸಿರಬೇಕು, ಕೈಯಲ್ಲಿ 20 ವಿಮಾನ ಇರಬೇಕು. ಐದು ತುಂಬಲು ಕಿಂಗ್‌ಫಿಷರ್ 2010ರ ತನಕ ಕಾಯಬೇಕಿತ್ತು. ಏರ್ ಡೆಕ್ಕನ್‌ಗೆ ಐದು ತುಂಬುವುದು 2008ರ ಆಗಸ್ಟ್‌ನಲ್ಲಿ.

ಮುಂದಿನದನ್ನು ನೀವೇ ಊಹಿಸಬಹುದು. ಕಿಂಗ್‌ಫಿಷರ್ ಮೊದಲು ಡೆಕ್ಕನ್‌ನಲ್ಲಿ ಪಾಲು ಕೊಂಡಿತು. ಆಮೇಲೆ ಎರಡೂ ಸೇರಿದವು. ಕಾಗದದ ಮೇಲೆ ಆ ಸೇರಿಕೆ ತಲೆಕೆಳಗಾಗಿತ್ತು. ದೊಡ್ಡದು ಚಿಕ್ಕದನ್ನು ನುಂಗಲಿಲ್ಲ, ಚಿಕ್ಕದರ ಒಳಗೆ ಹೋಗಿ ಕೂತುಕೊಂಡು ತನ್ನ ಹೆಸರಿನ ಬೋರ್ಡು ಹಾಕಿಕೊಂಡಿತು. 2008ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನಿಂದ ಲಂಡನ್‌ಗೆ ವಿಮಾನ ಹೊರಟಿತು. ಇದನ್ನು ಹೇಳಿ ಮುಗಿಸುವ ಮೊದಲೇ ಚಿಕ್ಕಪ್ಪ ಸ್ಟೇರಿಂಗ್ ತಟ್ಟಿ ನಕ್ಕರು. "ಅಲ್ಲ ಕಣೇ, ಇದು ನಮ್ಮ ಏಳೂವರೆ ಟೈಮಿಂಗೇ ಅಲ್ವಾ!"

ಆ ಐದು ವರ್ಷದ ನಿಯಮ 2016ರಲ್ಲಿ ಹೋಯಿತು. ಈಗ ವಯಸ್ಸು ಕೇಳುವುದಿಲ್ಲ. 20 ವಿಮಾನ ಅಥವಾ ಒಟ್ಟು ಸಾಮರ್ಥ್ಯದ 20 ಶೇಕಡಾ, ಯಾವುದು ಜಾಸ್ತಿಯೋ ಅಷ್ಟನ್ನು ದೇಶದೊಳಗೆ ಓಡಿಸಿದರೆ ಸಾಕು. ಹೋದದ್ದು ಒಳ್ಳೆಯದಾಯಿತು ಅಂತಲೇ ನನ್ನ ಅನಿಸಿಕೆ. ಐದು ವರ್ಷ ಹುಬ್ಬಳ್ಳಿಗೆ ಹಾರಿದವರಿಗೆ ಮಾತ್ರ ದುಬೈ ದಾರಿ ಗೊತ್ತಾಗುತ್ತದೆ ಅನ್ನುವುದಕ್ಕೆ ಯಾವ ತರ್ಕವೂ ಇರಲಿಲ್ಲ.

ಬಸ್ಸಿನಲ್ಲಿ ಎರಡು ಜಾತಿ ಪರ್ಮಿಟ್ ಇದೆ. ಊರೂರಲ್ಲಿ ನಿಲ್ಲಿಸಿ, ಟಿಕೆಟ್ ಹರಿದು, ಹೇಳಿದ ಹೊತ್ತಿಗೆ ಓಡುವುದು ಸ್ಟೇಜ್ ಕ್ಯಾರೇಜ್. ಮದುವೆ ದಿಬ್ಬಣಕ್ಕೋ ಧರ್ಮಸ್ಥಳ ಪ್ರವಾಸಕ್ಕೋ ಇಡೀ ಬಸ್ಸನ್ನು ಬಾಡಿಗೆಗೆ ಕೊಡುವುದು ಕಾಂಟ್ರಾಕ್ಟ್ ಕ್ಯಾರೇಜ್. ವಿಮಾನದಲ್ಲೂ ಹಾಗೇ. ವೇಳಾಪಟ್ಟಿ ಹಾಕಿ ಯಾರಿಗೆ ಬೇಕಾದರೂ ಸೀಟು ಮಾರುವವರು ಷೆಡ್ಯೂಲ್ಡ್ ಆಪರೇಟರ್. ಬಾಡಿಗೆಗೆ ಹಾರಿಸುವವರು ನಾನ್‌ಷೆಡ್ಯೂಲ್ಡ್. ಉತ್ಸವದ ಸಮಯದಲ್ಲಿ ಒಮ್ಮೆ ಇಂಥವರು ಮೈದಾನದಲ್ಲಿ ಹೆಲಿಕಾಪ್ಟರ್ ರೈಡ್ ಇಟ್ಟಿದ್ದರು. ಸರದಿಯಲ್ಲಿ ನಿಂತವರನ್ನೆಲ್ಲ ತಕ್ಕಡಿ ಮೇಲೆ ಹತ್ತಿಸಿ ತೂಕ ಬರೆದುಕೊಂಡರು. ಕಾಫಿ ಮೂಟೆ ತೂಗಿದ ಹಾಗೆ. ನನ್ನ ಹಿಂದಿದ್ದ ಹೆಂಗಸು ಪರ್ಸ್ ತೆಗೆದಿಟ್ಟು ಹತ್ತಿದರು, ಎಲ್ಲರೂ ನಕ್ಕರು. ಪೈಲಟ್ ಮಾತ್ರ ನಗಲಿಲ್ಲ. ಯಾರು ಯಾವ ಕಡೆ ಕೂರಬೇಕು ಅಂತ ಅವರೇ ತೋರಿಸಿದರು. ಭಾರ ಒಂದೇ ಕಡೆ ವಾಲಿದರೆ ಸಣ್ಣ ಯಂತ್ರ ಹತೋಟಿ ತಪ್ಪುತ್ತದೆ. ದೊಡ್ಡ ವಿಮಾನದಲ್ಲಿ ನಮ್ಮನ್ನು ತೂಗುವುದಿಲ್ಲ, ಒಬ್ಬರಿಗೆ ಇಷ್ಟು ಕೆಜಿ ಅಂತ ಸರಾಸರಿ ಹಿಡಿಯುತ್ತಾರೆ. ಆದರೆ ಲೋಡ್ ಅಂಡ್ ಟ್ರಿಮ್ ಶೀಟ್ ಅನ್ನುವ ಕಾಗದಕ್ಕೆ ಕ್ಯಾಪ್ಟನ್ ಸಹಿ ಬೀಳದೆ ವಿಮಾನ ಕದಲುವುದಿಲ್ಲ.

ಈಗ ಮುಖ್ಯ ವಿಷಯಕ್ಕೆ ಬರೋಣ. ಪರ್ಮಿಟ್ ಕೊಡುವವರು ದೆಹಲಿಯ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದವರು. ಎಲ್ಲರೂ ಕರೆಯುವುದು ಡಿಜಿಸಿಎ ಅಂತ. ಇದರ ಹಿಂದಿದ್ದದ್ದು 1934ರ ಏರ್‌ಕ್ರಾಫ್ಟ್ ಆಕ್ಟ್. ಅದರ ಜಾಗಕ್ಕೆ 2025ರ ಜನವರಿ 1ರಿಂದ ಭಾರತೀಯ ವಾಯುಯಾನ ಅಧಿನಿಯಮ ಬಂದಿದೆ. ವಿಮಾನಕ್ಕೆ ಒಂದು ಏರ್‌ವರ್ದಿನೆಸ್ ಸರ್ಟಿಫಿಕೇಟ್ ಬೇಕು. ಬಸ್ಸಿನ ಎಫ್‌ಸಿ, ಅಂದರೆ ಫಿಟ್‌ನೆಸ್ ಸರ್ಟಿಫಿಕೇಟ್ ಇದ್ದ ಹಾಗೆ ಅಂದುಕೊಳ್ಳಿ. ಪೈಲಟ್‌ಗೆ ಲೈಸೆನ್ಸ್ ಬೇಕು, ಅದೂ ಸರಿ. ಆದರೆ ಇವೆರಡೂ ಇದ್ದರೂ ಟಿಕೆಟ್ ಮಾರುವಂತಿಲ್ಲ. ಕಂಪನಿಗೇ ಬೇರೆ ಸರ್ಟಿಫಿಕೇಟ್ ಬೇಕು. ಅದಕ್ಕೆ ಏರ್ ಆಪರೇಟರ್ ಸರ್ಟಿಫಿಕೇಟ್, ಚುಟುಕಾಗಿ ಎಒಸಿ ಅನ್ನುತ್ತಾರೆ. ಬಸ್ಸಿನ ಲೋಕದಲ್ಲಿ ಇದಕ್ಕೆ ಸಮ ಅನ್ನುವಂಥದ್ದು ಇಲ್ಲ.

ಎಒಸಿ ಪರೀಕ್ಷೆ ಐದು ಹಂತದ್ದು. ಮೊದಲು ಮಾತುಕತೆ, ಆಮೇಲೆ ಅರ್ಜಿ, ಆಮೇಲೆ ಕಾಗದ ಪತ್ರಗಳ ಪರಿಶೀಲನೆ. ನಾಲ್ಕನೆಯದು ಮಾಡಿ ತೋರಿಸುವುದು. ಐದನೆಯದು ಸರ್ಟಿಫಿಕೇಟ್. ಮೂರನೇ ಹಂತದಲ್ಲೇ ಕೆಲವರು ಸುಸ್ತಾಗುತ್ತಾರೆ. ಯಾಕೆಂದರೆ ಕಂಪನಿ ತಾನು ಮಾಡುವ ಪ್ರತಿ ಕೆಲಸವನ್ನೂ ಕೈಪಿಡಿಯಲ್ಲಿ ಬರೆಯಬೇಕು. ಮಳೆ ಜಾಸ್ತಿಯಾದರೆ ಯಾರು ನಿರ್ಧಾರ ಮಾಡುತ್ತಾರೆ, ಇಂಧನ ಯಾರು ಲೆಕ್ಕ ಹಾಕುತ್ತಾರೆ, ಬಾಗಿಲು ಮುಚ್ಚಿದ್ದು ಯಾರು ನೋಡುತ್ತಾರೆ, ಎಲ್ಲವನ್ನೂ. ಹಾರಾಟಕ್ಕೊಬ್ಬರು, ರಿಪೇರಿಗೊಬ್ಬರು, ತರಬೇತಿಗೊಬ್ಬರು, ಸುರಕ್ಷತೆಗೊಬ್ಬರು ಅಂತ ಹೆಸರು ಹಿಡಿದು ಹೇಳಬೇಕು. ಆ ಹೆಸರುಗಳನ್ನು ಡಿಜಿಸಿಎ ಒಪ್ಪಬೇಕು. ಇವರೆಲ್ಲರ ಮೇಲೆ ಅಕೌಂಟಬಲ್ ಮ್ಯಾನೇಜರ್ ಅಂತ ಒಬ್ಬರು. ಖರ್ಚಿಗೆ ಸಹಿ ಹಾಕುವ ಅಧಿಕಾರವೂ ಅವರದೇ, ತಪ್ಪಿಗೆ ಉತ್ತರ ಹೇಳುವ ತಲೆಯೂ ಅವರದೇ. ದುಡ್ಡಿಲ್ಲದ ಕಾರಣ ಬ್ರೇಕ್ ಬದಲಾಯಿಸಲಿಲ್ಲ ಅಂತ ಮೆಕ್ಯಾನಿಕ್ ಮೇಲೆ ಹಾಕಿ ನುಣುಚಿಕೊಳ್ಳುವಂತಿಲ್ಲ ಅನ್ನುವುದು ಇದರ ಅರ್ಥ.

ನಾಲ್ಕನೇ ಹಂತ ನೋಡಲು ಚೆಂದ. ಟಿಕೆಟ್ ಕೊಂಡ ಪ್ರಯಾಣಿಕರಿಲ್ಲದೆ ವಿಮಾನ ಊರಿಂದೂರಿಗೆ ಹಾರುತ್ತದೆ. ಒಳಗೆ ಡಿಜಿಸಿಎ ಅಧಿಕಾರಿಗಳು ಕೂತಿರುತ್ತಾರೆ. ಇದು ಪ್ರೂವಿಂಗ್ ಫ್ಲೈಟ್. ಸಿಬ್ಬಂದಿ ಕೈಪಿಡಿಯಲ್ಲಿ ಬರೆದಂತೆಯೇ ಮಾಡುತ್ತಾರಾ ಅಂತ ನೋಡುತ್ತಾರೆ. ಆಕಾಸ ಏರ್ ಅನ್ನುವ ಕಂಪನಿಗೆ 2022ರ ಜುಲೈ 7ರಂದು ಎಒಸಿ ಸಿಕ್ಕಿತು, ಆಗಸ್ಟ್ 7ರಂದು ಮೊದಲ ಟಿಕೆಟ್ ವಿಮಾನ ಮುಂಬೈನಿಂದ ಅಹಮದಾಬಾದ್‌ಗೆ ಹೋಯಿತು.

ಇಷ್ಟು ಬಿಗಿ ಮೊದಲಿನಿಂದಲೂ ಇರಲಿಲ್ಲ. ಎರಡನೇ ಮಹಾಯುದ್ಧ ಮುಗಿದಾಗ ಸೈನ್ಯದ ಡಕೋಟಾ ವಿಮಾನಗಳು ಅಗ್ಗಕ್ಕೆ ಸಿಗುತ್ತಿದ್ದವು. ಕೊಂಡವರೆಲ್ಲ ಏರ್‌ಲೈನ್ಸ್ ಮಾಡಲು ಹೊರಟರು. 1946ರಲ್ಲಿ ಲೈಸೆನ್ಸ್ ಕೊಡಲು ಒಂದು ಮಂಡಳಿ ಆಯಿತು. ಆ ಮಂಡಳಿ ಕೈ ಬಿಚ್ಚಿ ಲೈಸೆನ್ಸ್ ಕೊಟ್ಟಿತು. ಹತ್ತುವ ಜನ ಕಡಿಮೆ, ವಿಮಾನ ಜಾಸ್ತಿ, ಎಲ್ಲರಿಗೂ ನಷ್ಟ. 1950ರಲ್ಲಿ ನ್ಯಾಯಮೂರ್ತಿ ರಾಜಾಧ್ಯಕ್ಷ ಸಮಿತಿಯೂ ಕಂಪನಿಗಳು ಅತಿಯಾದವು ಅಂತಲೇ ಹೇಳಿತು. 1953ರಲ್ಲಿ ಸರ್ಕಾರ ಕಾಯ್ದೆ ತಂದು ಎಲ್ಲವನ್ನೂ ವಹಿಸಿಕೊಂಡು ಇಂಡಿಯನ್ ಏರ್‌ಲೈನ್ಸ್, ಏರ್ ಇಂಡಿಯಾ ಅಂತ ಎರಡೇ ಉಳಿಸಿತು. ನಲವತ್ತು ವರ್ಷ ಹಾಗೇ ನಡೆಯಿತು. ಕೊನೆ ಕೊನೆಗೆ ಏರ್ ಟ್ಯಾಕ್ಸಿ ಅಂತ ಖಾಸಗಿಯವರನ್ನು ಬಿಟ್ಟರು, ಆದರೆ ವೇಳಾಪಟ್ಟಿ ಪ್ರಕಟಿಸುವಂತಿರಲಿಲ್ಲ. ಹೊತ್ತು ಹೇಳದೆ ಬಸ್ ಓಡಿಸಿ ಅಂದ ಹಾಗೆ. 1994ರಲ್ಲಿ ಆ ಕಾಯ್ದೆ ಹೋಯಿತು.

ಬಾಗಿಲು ತೆರೆಯಿತು, ಆದರೆ ಒಂದು ಕೊಕ್ಕೆ ಇಟ್ಟರು. ದೆಹಲಿ, ಮುಂಬೈನಂಥ ಲಾಭದ ಮಾರ್ಗದಲ್ಲಿ ಓಡಿಸುವವರು ಅದರ 10 ಶೇಕಡಾದಷ್ಟನ್ನು ಈಶಾನ್ಯ, ಕಾಶ್ಮೀರ, ಅಂಡಮಾನ್ ಕಡೆಗೂ, 50 ಶೇಕಡಾದಷ್ಟನ್ನು ಉಳಿದ ಊರುಗಳಿಗೂ ಓಡಿಸಬೇಕಿತ್ತು. ಕಳಸ, ಕುದುರೆಮುಖದ ರೂಟು ಓಡಿಸಿದರೆ ಮಾತ್ರ ಬೆಂಗಳೂರು ರೂಟು ಅನ್ನುವಂಥ ಲೆಕ್ಕ. 2016ರಲ್ಲಿ ಬಂದ ಕೇಂದ್ರ ಸರ್ಕಾರದ ಉಡಾನ್ ಯೋಜನೆ ಇನ್ನೊಂದು ದಾರಿ ಹಿಡಿಯಿತು. ಒತ್ತಾಯ ಬಿಟ್ಟು ದುಡ್ಡು ಕೊಟ್ಟಿತು. ಒಂದಷ್ಟು ಸೀಟು ಗಂಟೆಯ ಹಾರಾಟಕ್ಕೆ ಸುಮಾರು 2,500 ರೂಪಾಯಿಗೆ ಮಾರಿ, ಕಡಿಮೆ ಬಿದ್ದದ್ದನ್ನು ಸರ್ಕಾರ ತುಂಬಿಕೊಡುತ್ತದೆ. ಮೂರು ವರ್ಷ ಆ ಮಾರ್ಗಕ್ಕೆ ಬೇರೆಯವರು ಬರುವಂತಿಲ್ಲ. ಮೂರು ವರ್ಷ ಮುಗಿದ ಮೇಲೆ ಎಷ್ಟೋ ಕಡೆ ವಿಮಾನವೂ ಮುಗಿಯಿತು, ಅದು ಬೇರೆ ಮಾತು. ಹಾಸನದವರು ಬೂವನಹಳ್ಳಿಯ ವಿಮಾನ ನಿಲ್ದಾಣಕ್ಕೆ ಎಷ್ಟು ವರ್ಷದಿಂದ ಕಾಯುತ್ತಿದ್ದಾರೆ ಅಂತ ಅವರನ್ನೇ ಕೇಳಿ. ನಿಲ್ದಾಣ ಕಟ್ಟಿದರೆ ವಿಮಾನ ತಾನಾಗಿ ಬರುವುದಿಲ್ಲ. ಬಸ್ ಸ್ಟ್ಯಾಂಡ್ ಕಟ್ಟಿದರೆ ಬಸ್ ಬರುತ್ತದಾ?

ಪರ್ಮಿಟ್ ಕೈಯಲ್ಲಿದ್ದರೂ ಕಂಪನಿ ಉಳಿಯುತ್ತದೆ ಅನ್ನುವ ಭರವಸೆ ಇಲ್ಲ. ಕೊಪ್ಪದ ಸಹಕಾರ ಸಾರಿಗೆಯನ್ನು ನೆನೆಸಿಕೊಳ್ಳಿ. ಕಾರ್ಮಿಕರೇ ಮಾಲೀಕರಾಗಿ ದಶಕಗಳ ಕಾಲ ಮಲೆನಾಡಿನಲ್ಲಿ ಓಡಿಸಿದರು, 2020ರಲ್ಲಿ ನಿಂತಿತು. ಆಕಾಶದಲ್ಲಿ ಕಿಂಗ್‌ಫಿಷರ್ 2012ರಲ್ಲಿ, ಜೆಟ್ ಏರ್‌ವೇಸ್ 2019ರಲ್ಲಿ, ಗೋ ಫಸ್ಟ್ 2023ರಲ್ಲಿ ನಿಂತವು. ಟಿಕೆಟ್ ದರ ಇವತ್ತು ಬಹುಮಟ್ಟಿಗೆ ಕಂಪನಿಯ ಕೈಲೇ ಇದೆ. ನಷ್ಟ ಮಾಡಿಕೊಳ್ಳುವ ಸ್ವಾತಂತ್ರ್ಯವೂ ಅದಕ್ಕಿದೆ. ಸುರಕ್ಷತೆಯಲ್ಲಿ ಉಳಿತಾಯ ಮಾಡುವ ಸ್ವಾತಂತ್ರ್ಯ ಮಾತ್ರ ಇಲ್ಲ.

ಪರೀಕ್ಷೆ ಮಾಡುವವರಿಗೂ ಪರೀಕ್ಷೆ ಇದೆ. 2014ರ ಜನವರಿಯಲ್ಲಿ ಅಮೆರಿಕದ ವಿಮಾನಯಾನ ನಿಯಂತ್ರಣ ಸಂಸ್ಥೆ ಭಾರತವನ್ನು ಒಂದು ದರ್ಜೆ ಇಳಿಸಿತು. ನಮ್ಮ ವಿಮಾನ ಕೆಟ್ಟದ್ದು ಅಂತಲ್ಲ, ನಮ್ಮ ಪೈಲಟ್ ಕೆಟ್ಟವರು ಅಂತಲೂ ಅಲ್ಲ. ಡಿಜಿಸಿಎಯಲ್ಲಿ ತಪಾಸಣೆ ಮಾಡುವ ಜನ ಸಾಲದು ಅಂತ. ನಮ್ಮ ಕಂಪನಿಗಳು ಅಮೆರಿಕಕ್ಕೆ ಹೊಸ ವಿಮಾನ ಸೇರಿಸುವಂತಿರಲಿಲ್ಲ. ಇನ್‌ಸ್ಪೆಕ್ಟರ್‌ಗಳನ್ನು ನೇಮಿಸಿದ ಮೇಲೆ, 2015ರ ಏಪ್ರಿಲ್‌ನಲ್ಲಿ, ದರ್ಜೆ ವಾಪಸ್ ಬಂತು.

ನಿಯಮಗಳಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ ಅನಿಸುವುದು ನಿದ್ದೆಯದು. ನಮ್ಮ ಮೈಗೆ ಅದರದೇ ಗಡಿಯಾರ ಇದೆ. ನಡುರಾತ್ರಿ ಎರಡರಿಂದ ಬೆಳಗಿನ ಆರರೊಳಗೆ ಚುರುಕು ತಳ ಕಾಣುತ್ತದೆ. 17 ಗಂಟೆ ಎಚ್ಚರ ಇದ್ದವರ ಕೈ, ಕಣ್ಣು ರಕ್ತದಲ್ಲಿ 0.05 ಶೇಕಡಾ ಮದ್ಯ ಇದ್ದವರಷ್ಟೇ ನಿಧಾನ ಆಗುತ್ತವೆ. ಚಾರ್ಮಾಡಿ ಘಾಟಿಯಲ್ಲಿ ರಾತ್ರಿ ಬಸ್ ಓಡಿಸಿದ ಯಾವ ಡ್ರೈವರ್‌ಗೂ ಇದನ್ನು ವಿಜ್ಞಾನ ಹೇಳಿಕೊಡಬೇಕಾಗಿಲ್ಲ. ಅದಕ್ಕೇ ಪೈಲಟ್‌ಗಳ ವಾರದ ವಿರಾಮವನ್ನು ಡಿಜಿಸಿಎ 36 ಗಂಟೆಯಿಂದ 48ಕ್ಕೆ ಏರಿಸಿತು. ರಾತ್ರಿ ಹೊತ್ತು ವಿಮಾನ ಇಳಿಸುವುದನ್ನು ಆರು ಸಲದಿಂದ ಎರಡು ಸಲಕ್ಕೆ ತಂದಿತು. ಇದು ಪೂರ್ತಿ ಜಾರಿಗೆ ಬಂದದ್ದು 2025ರ ನವೆಂಬರ್‌ನಲ್ಲಿ. ಡಿಸೆಂಬರ್‌ನಲ್ಲಿ ಏನಾಯಿತು ಅಂತ ಟಿವಿ ನೋಡಿದವರಿಗೆ ಗೊತ್ತು. ಪೈಲಟ್ ಸಾಲದೆ ಇಂಡಿಗೊ ಕಂಪನಿಯ ಸಾವಿರಾರು ವಿಮಾನ ರದ್ದಾದವು, ಸರ್ಕಾರ ಕೆಲವು ನಿಯಮ ಸ್ವಲ್ಪ ಕಾಲಕ್ಕೆ ಸಡಿಲಿಸಿತು. ಪ್ರಯಾಣಿಕರ ಗೋಳು ನಿಜ. ಆದರೆ ನಿಯಮ ಬರುತ್ತದೆ ಅಂತ ಮುಂಚೆಯೇ ಗೊತ್ತಿತ್ತು. ಲೆಕ್ಕ ತಪ್ಪಿದ್ದು ಕಂಪನಿಯದು, ನಿದ್ದೆ ಕಳೆದುಕೊಳ್ಳಬೇಕಾದ್ದು ಪೈಲಟ್‌ದು ಅನ್ನುವುದು ನ್ಯಾಯ ಅಲ್ಲ.

ಪ್ರಯಾಣಿಕರಿಗೂ ಹಕ್ಕಿದೆ, ಕೇಳುವವರು ಕಡಿಮೆ. ಸಾಕಷ್ಟು ಮುಂಚೆ ತಿಳಿಸದೆ, ಸರಿಯಾದ ಬದಲಿ ವಿಮಾನವನ್ನೂ ಕೊಡದೆ ರದ್ದು ಮಾಡಿದರೆ ದುಡ್ಡು ವಾಪಸ್ ಅಲ್ಲದೆ ಪರಿಹಾರವೂ ಸಿಗಬೇಕು. ಒಂದು ಗಂಟೆಯೊಳಗಿನ ಹಾರಾಟಕ್ಕೆ 5,000 ರೂಪಾಯಿ, ಎರಡು ಗಂಟೆ ಮೀರಿದ್ದಕ್ಕೆ 10,000 ರೂಪಾಯಿ ತನಕ. ಟಿಕೆಟ್ಟಿನ ಮೂಲ ದರ, ಇಂಧನ ಶುಲ್ಕ ಸೇರಿ ಅದಕ್ಕಿಂತ ಕಡಿಮೆ ಇದ್ದರೆ ಅಷ್ಟೇ. ಮಂಜು, ಮಳೆ ಕಾರಣ ಆದರೆ ಪರಿಹಾರ ಇಲ್ಲ. ಮಲೆನಾಡಿನವರು ಇದನ್ನು ನೆನಪಿಟ್ಟುಕೊಳ್ಳಬೇಕು.

ಶಿವಮೊಗ್ಗದಲ್ಲಿ ವಿಮಾನ ಹತ್ತಿದಾಗ ನಮ್ಮ ಮುಂದಿನ ಸೀಟಿನ ಬೆನ್ನಿಗೆ ಒಂದು ಸಣ್ಣ ಚೀಟಿ ಅಂಟಿಸಿತ್ತು. 'ಇನಾಪ್' ಅಂತ. ಹಿಂದಕ್ಕೆ ಒರಗುವುದಿಲ್ಲ, ಕೆಟ್ಟಿದೆ ಅಂತ ಅರ್ಥ. ಚಿಕ್ಕಪ್ಪನ ಕಣ್ಣು ಅದರ ಮೇಲೇ ನೆಟ್ಟಿತು. "ಕೆಟ್ಟಿರೋದನ್ನ ಇಟ್ಕೊಂಡು ಹಾರಿಸ್ತಾರಾ?"

ಹಾರಿಸುತ್ತಾರೆ, ಆದರೆ ಅದಕ್ಕೂ ಪಟ್ಟಿ ಇದೆ ಅಂದೆ. ಯಾವುದು ಕೆಟ್ಟರೂ ಹಾರಬಹುದು, ಯಾವುದು ಕೆಟ್ಟರೆ ಹಾರುವಂತಿಲ್ಲ ಅಂತ ಮೊದಲೇ ಬರೆದಿಟ್ಟಿರುತ್ತಾರೆ. ಮಿನಿಮಮ್ ಇಕ್ವಿಪ್‌ಮೆಂಟ್ ಲಿಸ್ಟ್ ಅಂತ ಅದರ ಹೆಸರು. ಕೆಟ್ಟದ್ದಕ್ಕೆ ಗಡುವೂ ಇದೆ. ಬಿ ದರ್ಜೆಯದಾದರೆ 3 ದಿನದೊಳಗೆ, ಸಿ ಆದರೆ 10 ದಿನ, ಡಿ ಆದರೆ 120 ದಿನದೊಳಗೆ ಸರಿ ಮಾಡಬೇಕು. ಕೆಟ್ಟದ್ದು ಗೊತ್ತಾದ ದಿನವನ್ನು ಪುಸ್ತಕದಲ್ಲಿ ಬರೆಯಬೇಕು, ಮಾರನೇ ದಿನದಿಂದ ಲೆಕ್ಕ ಶುರು.

ಚಿಕ್ಕಪ್ಪ ಸ್ವಲ್ಪ ಹೊತ್ತು ಸುಮ್ನೆ ಕೂತರು. ವಿಮಾನ ರನ್‌ವೇ ಕಡೆ ತಿರುಗಿತು.

"ನಮ್ಮ ಬಸ್ಸಿನ ವೈಪರ್ ಎರಡು ಮಳೆಗಾಲ ಕೆಟ್ಟೇ ಇತ್ತು. ಕ್ಲೀನರ್ ಕಿಟಕಿಯಿಂದ ಬಗ್ಗಿ ಬಟ್ಟೇಲಿ ಒರೆಸ್ತಿದ್ದ. ಅದು ಯಾವ ದರ್ಜೆ?"