ಕಾರಿನ ಸ್ಪೀಕರ್ ನಿಜಕ್ಕೂ ಕೆಟ್ಟಿದೆಯೇ?

ಕಾರಿನ ಎಡಬಾಗಿಲಿನ ಸ್ಪೀಕರ್ ಒಂದು ದಿನ ಇದ್ದಕ್ಕಿದ್ದಂತೆ ಸುಮ್ಮನಾಗುತ್ತದೆ. ತೋರಿಸಲು ಹೋದರೆ ‘ಸ್ಪೀಕರ್ ಹೋಗಿದೆ ಸಾರ್, ಜೋಡಿ ಹಾಕಿಸಿಬಿಡಿ’ ಎಂಬ ಮಾತು ತಯಾರಾಗಿರುತ್ತದೆ. ಹೊಸ ಜೋಡಿ ಹಾಕಿದ ಮೇಲೂ ಆ ಬಾಗಿಲು ಸುಮ್ಮನೇ ಇದ್ದರೆ ದುಡ್ಡೂ ಹೋಯಿತು, ಚೆನ್ನಾಗಿದ್ದ ಸ್ಪೀಕರೂ ಗುಜರಿಗೆ ಹೋಯಿತು. ಸದ್ದು ನಿಂತದ್ದು ಬಾಗಿಲಲ್ಲಿ ಎಂದಮಾತ್ರಕ್ಕೆ ಕೆಟ್ಟದ್ದೂ ಅಲ್ಲೇ ಇರಬೇಕೆಂದಿಲ್ಲ. ಡ್ಯಾಶ್‌ಬೋರ್ಡಿನ ಸ್ಟೀರಿಯೊ ಸೆಟ್ಟಿನಿಂದ ಸ್ಪೀಕರಿನ ಕೋನಿನವರೆಗಿನ ದಾರಿಯಲ್ಲಿ ಅದು ಎಲ್ಲಿ ಬೇಕಾದರೂ ಕಡಿದಿರಬಹುದು. ಎಲ್ಲಿ ಎಂದು ಹುಡುಕಲು ಒಂದು ಸ್ಕ್ರೂಡ್ರೈವರ್, ಗೋಡೆ ಗಡಿಯಾರಕ್ಕೆ ಹಾಕುವ ಒಂದು ಶೆಲ್, ವೋಲ್ಟೇಜ್, ರೋಧ ಅಳೆಯುವ ಸಾಧಾರಣ ಮಲ್ಟಿಮೀಟರ್ ಇದ್ದರೆ ಸಾಕು.

ಸ್ಪೀಕರಿನೊಳಗೆ ಕೆಡುವಂಥ ವಸ್ತುಗಳೇ ಕಡಿಮೆ. 1925ರಲ್ಲಿ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯ ಚೆಸ್ಟರ್ ರೈಸ್ ಮತ್ತು ಎಡ್ವರ್ಡ್ ಕೆಲ್ಲಾಗ್ ಪ್ರಕಟಿಸಿದ ವಿನ್ಯಾಸವೇ ಬಹುಮಟ್ಟಿಗೆ ಇಂದಿಗೂ ನಡೆದುಬಂದಿದೆ. ಬಲವಾದ ಒಂದು ಆಯಸ್ಕಾಂತ, ಅದರ ಕಿರಿದಾದ ಸಂದಿಯೊಳಗೆ ತೆಳುವಾದ ತಂತಿಯ ಸುರುಳಿ, ಸುರುಳಿಗೆ ಅಂಟಿಕೊಂಡ ಕಾಗದದ ಅಥವಾ ಪ್ಲಾಸ್ಟಿಕ್ಕಿನ ಕೋನ್. ಸುರುಳಿಯಲ್ಲಿ ಕರೆಂಟ್ ಹರಿದಾಗ ಆಯಸ್ಕಾಂತ ಅದನ್ನು ತಳ್ಳುತ್ತದೆ, ಕರೆಂಟಿನ ದಿಕ್ಕು ಬದಲಾದರೆ ಎಳೆಯುತ್ತದೆ. ಕೋನ್ ಹಿಂದೆ ಮುಂದೆ ಆಡಿ ಗಾಳಿಯನ್ನು ಅಲುಗಿಸುತ್ತದೆ. ಅಂಚಿನ ರಬ್ಬರ್ ಬಳೆ ಮತ್ತು ಹಿಂಬದಿಯ ನೆರಿಗೆಬಟ್ಟೆಯ ಬಿಲ್ಲೆ ಸೇರಿ ಸುರುಳಿ ಸಂದಿಯ ನಟ್ಟನಡುವೆ ಇರುವಂತೆ ನೋಡಿಕೊಳ್ಳುತ್ತವೆ. ಹೀಗಾಗಿ ಕೆಡುವ ಬಗೆಗಳೂ ಕೆಲವೇ: ಸುರುಳಿ ಸುಡುವುದು, ಸುರುಳಿ ಓರೆಯಾಗಿ ಆಯಸ್ಕಾಂತಕ್ಕೆ ಉಜ್ಜುವುದು, ಕೋನ್ ಅಥವಾ ಬಳೆ ಹರಿಯುವುದು, ಕೋನಿಗೆ ಹೋಗುವ ಜಡೆಯಂಥ ಮೆತ್ತನೆಯ ವೈರ್ ತುಂಡಾಗುವುದು.

ಬಾಗಿಲು ಬಿಚ್ಚುವ ಮುಂಚೆ ಕಿವಿಗೆ ಕೆಲಸ ಕೊಡಿ. ಸೆಟ್ಟಿನಲ್ಲಿ ಬ್ಯಾಲೆನ್ಸ್ ಮತ್ತು ಫೇಡರ್ ಎಂಬ ಎರಡು ಹೊಂದಾಣಿಕೆಗಳಿವೆ. ಒಂದು ಸದ್ದನ್ನು ಎಡಬಲಕ್ಕೆ, ಇನ್ನೊಂದು ಹಿಂದುಮುಂದಕ್ಕೆ ಸರಿಸುತ್ತದೆ. ಎರಡನ್ನೂ ಬಳಸಿ ಒಂದೊಂದೇ ಮೂಲೆಯ ಸದ್ದನ್ನು ಬೇರೆಯಾಗಿ ಕೇಳಿ. ಎಂಜಿನ್ ವೇಗದ ಜೊತೆಗೇ ಏರಿಳಿಯುವ ‘ಕುಂಯ್’ ಶಬ್ದ ಬರುತ್ತಿದ್ದರೆ ಸ್ಪೀಕರನ್ನು ಬಯ್ಯಬೇಡಿ. ಅದು ಎಂಜಿನ್ ಜೊತೆ ತಿರುಗಿ ಕರೆಂಟ್ ಹುಟ್ಟಿಸುವ ಆಲ್ಟರ್ನೇಟರಿನ ಗದ್ದಲ, ಹೆಚ್ಚಾಗಿ ಅರ್ಥಿಂಗ್ (ಕಾರಿನ ಬಾಡಿಗೆ ಕೊಡುವ ಜೋಡಣೆ) ಸರಿಯಿಲ್ಲದೆ ಸೆಟ್ಟಿಗೋ, ಸದ್ದಿನ ಬಲ ಹೆಚ್ಚಿಸುವ ಆಂಪ್ಲಿಫೈಯರಿಗೋ ನುಗ್ಗಿದ್ದು. ಬೇಸ್, ಅಂದರೆ ತಗ್ಗುಸ್ವರ, ಬಂದಾಗಲೆಲ್ಲ ಗರಗರ ಎಂದರೆ ಬಾಗಿಲಿನ ಒಳಹೊದಿಕೆಯಾದ ಪ್ಯಾಡ್ ಮೇಲೆ ಅಂಗೈ ಒತ್ತಿ ಹಿಡಿಯಿರಿ. ಸದ್ದು ನಿಂತರೆ ಸಡಿಲವಾದ ಕ್ಲಿಪ್ ಒಂದನ್ನು ಬದಲಿಸಿದರೆ ಮುಗಿಯಿತು.

ಪೂರ್ತಿ ಸುಮ್ಮನಿರುವ, ಅಥವಾ ಬಂದುಹೋಗಿ ಮಾಡುವ ಸ್ಪೀಕರಿಗೆ ನಾನು ಮೊದಲು ನೋಡುವುದು ಬಾಗಿಲಿನ ಕೀಲಿನ ಜಾಗವನ್ನು. ಬಾಗಿಲಿಗೂ ಬಾಡಿಗೂ ನಡುವೆ ನೆರಿಗೆ ನೆರಿಗೆಯಾದ ರಬ್ಬರ್ ಕೊಳವೆ ಇರುತ್ತದಲ್ಲ, ಸ್ಪೀಕರಿನ ವೈರುಗಳು ಹೋಗುವುದು ಅದರೊಳಗಿಂದ. ಪ್ರತಿ ಸಲ ಬಾಗಿಲು ತೆರೆದು ಮುಚ್ಚಿದಾಗ ವೈರುಗಳು ಒಂದೇ ಜಾಗದಲ್ಲಿ ಬಾಗುತ್ತವೆ. ವರ್ಷಗಟ್ಟಲೆ ಬಾಗಿದ ತಾಮ್ರ ಗಡುಸಾಗಿ ಎಳೆಎಳೆಯಾಗಿ ತುಂಡಾಗುತ್ತದೆ. ಮೇಲಿನ ಪ್ಲಾಸ್ಟಿಕ್ ಹೊದಿಕೆ ಮಾತ್ರ ಏನೂ ಆಗದಂತೆ ನೆಟ್ಟಗೇ ಇರುತ್ತದೆ. ಬಾಗಿಲು ತೆರೆದಾಗ ಹಾಡಿ ಮುಚ್ಚಿದಾಗ ನಿಂತರೆ, ಅಥವಾ ಅದರ ಉಲ್ಟಾ ಆದರೆ, ತಪ್ಪು ಬಹುತೇಕ ಇಲ್ಲೇ. ರಬ್ಬರನ್ನು ಸರಿಸಿ ಒಂದೊಂದೇ ವೈರನ್ನು ಮೆಲ್ಲಗೆ ಎಳೆದು ನೋಡಿ. ಒಳಗೆ ತುಂಡಾದ ವೈರ್ ಆ ಜಾಗದಲ್ಲಿ ಮೆತ್ತಗಾಗಿ ಹಿಗ್ಗುತ್ತದೆ. ಅಷ್ಟಗಲ ಕತ್ತರಿಸಿ, ಬೆಸುಗೆ ಹಾಕಿ, ಬೆಸುಗೆ ಬಾಗುವ ಜಾಗದಿಂದ ಆಚೆಗೆ ಬರುವಂತೆ ನೋಡಿಕೊಂಡರೆ ಮತ್ತೆ ಹಲವು ವರ್ಷ ಯೋಚನೆಯಿಲ್ಲ.

ಅಲ್ಲಿ ಸರಿಯಿದ್ದರೆ ಪ್ಯಾಡ್ ಬಿಚ್ಚಿ ಸ್ಪೀಕರಿನ ಕನೆಕ್ಟರ್ ಕಳಚಿ. ವೈರ್ ಸೆಟ್ಟಿಗೆ ಸೇರಿರುವಾಗ ಸ್ಪೀಕರನ್ನು ಅಳೆಯಬಾರದು. ಮೊದಲು 1.5 ವೋಲ್ಟಿನ ಶೆಲ್ಲಿನಿಂದ ಎರಡು ತುಂಡು ವೈರ್ ತಂದು ಸ್ಪೀಕರಿನ ತುದಿಗಳಿಗೆ ಅರೆಕ್ಷಣ ತಾಗಿಸಿ ತೆಗೆಯಿರಿ. ‘ಟಪ್’ ಎಂದು ಕೋನ್ ಅಲುಗಿದರೆ ಸುರುಳಿ ಬದುಕಿದೆ. ಆಮೇಲೆ ಮಲ್ಟಿಮೀಟರನ್ನು 200 ಓಮ್ ವ್ಯಾಪ್ತಿಗೆ ಇಡಿ. ಮೊದಲು ಮೀಟರಿನ ಎರಡು ಕಡ್ಡಿಗಳನ್ನು ಒಂದಕ್ಕೊಂದು ತಾಗಿಸಿ, ಅದು ತೋರಿಸುವಷ್ಟನ್ನು ಮುಂದಿನ ಅಳತೆಯಿಂದ ಕಳೆಯಿರಿ. 4 ಓಮ್ ಎಂದು ಬರೆದ ಸ್ಪೀಕರ್ ಸಾಮಾನ್ಯವಾಗಿ 3.2ರಿಂದ 3.8 ತೋರಿಸುತ್ತದೆ. ಕಡಿಮೆ ಬಂತೆಂದು ಗಾಬರಿ ಬೇಡ. ಸ್ಪೀಕರಿನ ಮೇಲೆ ಬರೆದಿರುವುದು ಹಾಡು ಹರಿಯುವಾಗಿನ ತಡೆಯ ಅಂದಾಜು, ಮೀಟರ್ ಅಳೆಯುವುದು ತಂತಿಯ ಬರಿಯ ರೋಧವನ್ನು. ಸೊನ್ನೆಯ ಹತ್ತಿರ ಬಂದರೆ ಸುರುಳಿ ಸುಟ್ಟು ಸುತ್ತುಗಳು ಒಂದಕ್ಕೊಂದು ಅಂಟಿಕೊಂಡಿವೆ. ಎಡತುದಿಯಲ್ಲಿ ಬರಿಯ 1 ಅಥವಾ ‘ಓಎಲ್’ ನಿಂತರೆ ಎಲ್ಲೋ ಕಡಿದಿದೆ. ಅಳೆಯುತ್ತಲೇ ಕೋನನ್ನು ಬೆರಳಿನಿಂದ ಮೆಲ್ಲಗೆ ಒತ್ತಿದಾಗ ಅಂಕಿ ಬಂದು ಬಂದು ಮಾಯವಾದರೆ ಆ ಜಡೆವೈರೇ ತುಂಡಾಗಿದೆ ಎಂದರ್ಥ, ಅದನ್ನು ಬೆಸೆಯಬಹುದು.

ಕೀರಲು ಸ್ವರಗಳಿಗೆಂದೇ ಇರುವ ಪುಟ್ಟ ಸ್ಪೀಕರ್ ಆದ ಟ್ವೀಟರಿನ ವಿಷಯ ಬೇರೆ. ಬೇಸ್ ತನ್ನ ಕಡೆ ಬಾರದಂತೆ ಅದರ ವೈರಿಗೆ ಪುಟ್ಟ ಕೆಪಾಸಿಟರ್ ಒಂದನ್ನು ಜೋಡಿಸಿರುತ್ತಾರೆ. ಕೆಪಾಸಿಟರ್ ಮೀಟರಿನ ಒಂದೇ ದಿಕ್ಕಿನ ಕರೆಂಟನ್ನು ಬಿಡುವುದಿಲ್ಲ, ಆದ್ದರಿಂದ ಸರಿಯಾಗಿರುವ ಟ್ವೀಟರನ್ನೂ ಮೀಟರ್ ಕಡಿದುಹೋಗಿದೆ ಎಂದೇ ತೋರಿಸುತ್ತದೆ. ಕೆಪಾಸಿಟರಿನ ಆಚೆ ಬದಿಯಲ್ಲಿ, ಟ್ವೀಟರಿನ ಮೈಮೇಲೇ ಕಡ್ಡಿ ಇಟ್ಟು ಅಳೆಯಬೇಕು. ಕೆಪಾಸಿಟರೇ ಕೆಟ್ಟಿದ್ದರೆ ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಕಡೆ ಬಿಡಿ ಸಿಗುತ್ತದೆ. ಅದರ ಮೇಲೆ ಬರೆದ ಮೈಕ್ರೋಫ್ಯಾರಡ್ ಅಂಕಿಯನ್ನೇ ಕೇಳಿ ತನ್ನಿ.

ಒಂದೇ ಸ್ಪೀಕರಿನ ತಪ್ಪಿಗೆ ನಾಲ್ಕೂ ಸ್ಪೀಕರ್ ಸುಮ್ಮನಾಗುವುದುಂಟು. ಇಂದಿನ ಸೆಟ್ಟುಗಳಲ್ಲಿ ಸ್ಪೀಕರಿಗೆ ಹೋಗುವ ಎರಡು ವೈರುಗಳಲ್ಲಿ ಒಂದೂ ಅರ್ಥ್ ಅಲ್ಲ. ಸೆಟ್ ಆನ್ ಆಗಿದ್ದಾಗ ಎರಡರಲ್ಲೂ ಬ್ಯಾಟರಿಯ ಸುಮಾರು ಅರ್ಧದಷ್ಟು ವೋಲ್ಟೇಜ್ ನಿಂತಿರುತ್ತದೆ. ಹೊದಿಕೆ ಸವೆದು ಒಂದು ವೈರ್ ಬಾಗಿಲಿನ ತಗಡಿಗೆ ತಾಗಿದರೆ ಸೆಟ್ಟಿನ ಆಂಪ್ಲಿಫೈಯರ್ ತನ್ನನ್ನು ಉಳಿಸಿಕೊಳ್ಳಲು ಎಲ್ಲವನ್ನೂ ನಿಲ್ಲಿಸುತ್ತದೆ. ಬ್ಯಾಟರಿಯ ನೆಗೆಟಿವ್ ಕಳಚಿ, ಸೆಟ್ಟಿನ ಹಿಂದಿನ ಪ್ಲಗ್ ತೆಗೆದು, ಪ್ರತಿ ಸ್ಪೀಕರ್ ವೈರಿಗೂ ಬಾಡಿಗೂ ನಡುವೆ ಅಳೆಯಿರಿ. ಎಲ್ಲಿಯೂ ಸಂಪರ್ಕ ಸಿಗಬಾರದು.

ಇನ್ನು ಹಾಡುತ್ತಲೇ ಕರಕರ ಎನ್ನುವ ಸ್ಪೀಕರ್. ಎರಡೂ ಹೆಬ್ಬೆರಳನ್ನು ಕೋನಿನ ನಡುವಿನ ಗುಬುಟಿನ ಎರಡು ಪಕ್ಕದಲ್ಲಿ ಇಟ್ಟು, ಸಮನಾಗಿ, ಎರಡು ಮಿಲಿಮೀಟರಿನಷ್ಟು ಒತ್ತಿ ಬಿಡಿ. ಸದ್ದಿಲ್ಲದೆ ಹೋಗಿಬಂದರೆ ಸುರುಳಿ ನೇರವಾಗಿದೆ. ಬೆರಳಿಗೆ ತರಿತರಿ ಉಜ್ಜಿದಂತೆ ತಿಳಿದರೆ ಸುರುಳಿ ಓರೆಯಾಗಿದೆ ಅಥವಾ ಕಾವಿಗೆ ಉಬ್ಬಿದೆ, ಸುಟ್ಟ ವಾರ್ನಿಷ್ ವಾಸನೆಯೂ ಜೊತೆಗಿರಬಹುದು. ಹೀಗೆ ಸುರುಳಿಯೇ ಕೆಟ್ಟ ಸ್ಪೀಕರ್ ನಿಜಕ್ಕೂ ಬದಲಿಸಬೇಕಾದದ್ದು.

ಅದು ಸುಟ್ಟದ್ದೇಕೆ ಎಂದು ತಿಳಿಯದೆ ಹೊಸದನ್ನು ಹಾಕಿದರೆ ಅದೂ ಸುಡುತ್ತದೆ. ಸ್ಪೀಕರಿಗೆ ಹೋದ ವಿದ್ಯುತ್ತಿನಲ್ಲಿ ಶೇ. 1ರ ಆಸುಪಾಸಿನಷ್ಟೇ ಸದ್ದಾಗುತ್ತದೆ, ಉಳಿದದ್ದೆಲ್ಲ ಸುರುಳಿಯಲ್ಲಿ ಶಾಖ. ಡಬ್ಬಿಯ ಮೇಲೆ 50 ವ್ಯಾಟ್ ಎಂದಿರುವ ಸೆಟ್ 14.4 ವೋಲ್ಟಿನಲ್ಲಿ, 4 ಓಮ್ ಸ್ಪೀಕರಿಗೆ, ಹಾಡಿನ ವಿದ್ಯುತ್ ಅಲೆ ವಿರೂಪಗೊಳ್ಳದಂತೆ ಕೊಡಬಲ್ಲದ್ದು ಲೆಕ್ಕದ ಪ್ರಕಾರವೇ ಸುಮಾರು 26 ವ್ಯಾಟ್. ವಾಲ್ಯೂಮ್ ಅದಕ್ಕೂ ಮೇಲೆ ಹೋದರೆ ಅಲೆಯ ತಲೆ ಕತ್ತರಿಸಿ ಚಪ್ಪಟೆಯಾಗುತ್ತದೆ. ಪೂರ್ತಿ ಚೌಕವಾದ ಅಲೆಯ ಶಕ್ತಿ ಅಷ್ಟೇ ಎತ್ತರದ ನುಣುಪು ಅಲೆಯ ಎರಡು ಪಟ್ಟು, ಅಂದರೆ ಸುಮಾರು 52 ವ್ಯಾಟ್. ಡಬ್ಬಿಯ ಮೇಲಿನ ಅಂಕಿ ಬರುವುದೇ ಈ ಲೆಕ್ಕದಿಂದ. ಹಾಗೆ ಕತ್ತರಿಸಿದ ಅಲೆಯಿಂದ ಹುಟ್ಟುವ ಹೊಸ ಕೀರಲು ಸ್ವರಗಳು ನೇರ ಟ್ವೀಟರಿಗೆ ಹೋಗುತ್ತವೆ, ಅದರ ಕೂದಲೆಳೆಯಂಥ ಸುರುಳಿ ಮೊದಲು ಸುಡುತ್ತದೆ. ಹಾಡು ಒರಟಾಗಿ ಕೇಳತೊಡಗಿದ ಕೂಡಲೇ ವಾಲ್ಯೂಮ್ ಇಳಿಸುವುದು ಇದಕ್ಕಾಗಿ.

ಎಲ್ಲವೂ ಹಾಡುತ್ತಿದ್ದರೂ ಬೇಸ್ ಸೊರಗಿದ್ದರೆ ಒಂದು ಸ್ಪೀಕರಿನ ಪ್ಲಸ್ ಮೈನಸ್ ಅದಲುಬದಲಾಗಿರಬಹುದು. ಒಂದು ಕೋನ್ ಗಾಳಿಯನ್ನು ತಳ್ಳುವಾಗ ಇನ್ನೊಂದು ಎಳೆದರೆ ಎರಡೂ ಒಂದನ್ನೊಂದು ಅಳಿಸಿಹಾಕುತ್ತವೆ. ಬ್ಯಾಲೆನ್ಸನ್ನು ಪೂರ್ತಿ ಒಂದೇ ಕಡೆಗೆ ತಿರುಗಿಸಿದಾಗ ಬೇಸ್ ಹೆಚ್ಚಾಗಿ ಕೇಳಿಸಿದರೆ ಅದು ಖಚಿತ. ಹಿಂದಿನ ಶೆಲ್ಲೇ ಇಲ್ಲಿಯೂ ಸಾಕು: ಶೆಲ್ಲಿನ ಪ್ಲಸ್ ಸ್ಪೀಕರಿನ ಪ್ಲಸ್‌ಗೆ ತಾಗಿದಾಗ ಕೋನ್ ಹೊರಗೆ ಬರಬೇಕು.

ಮಲೆನಾಡು, ಕರಾವಳಿಯ ಕಾರುಗಳಲ್ಲಿ ಇನ್ನೊಂದು ಶತ್ರು ನೀರು. ಕಿಟಕಿಯ ಗಾಜಿನ ಮೇಲೆ ಇಳಿದ ಮಳೆ ಬಾಗಿಲಿನೊಳಗೇ ಹರಿದು ಕೆಳಗಿನ ತೂತುಗಳಿಂದ ಹೊರಹೋಗುವಂತೆ ಕಾರನ್ನು ಮಾಡಿರುತ್ತಾರೆ. ಪ್ಯಾಡಿನ ಹಿಂದೆ ಅಂಟಿಸಿದ ಪ್ಲಾಸ್ಟಿಕ್ ಹಾಳೆ ಆ ನೀರು ಕಾರಿನೊಳಕ್ಕೆ ಬಾರದಂತೆ ತಡೆಯುತ್ತದೆ. ಪವರ್ ವಿಂಡೋ ರಿಪೇರಿಗೆಂದು ಹಾಳೆಯನ್ನು ಕಿತ್ತವರು ಮತ್ತೆ ಅಂಟಿಸದೆ ಪ್ಯಾಡ್ ಮುಚ್ಚಿದರೆ, ಒಂದೆರಡು ಮಳೆಗಾಲದಲ್ಲಿ ಕನೆಕ್ಟರಿಗೆ ಹಸಿರು ಕಿಲುಬು ಹಿಡಿಯುತ್ತದೆ. ಕೆಳಗಿನ ತೂತುಗಳೂ ಮಣ್ಣು ಕಟ್ಟಿ ಮುಚ್ಚಿದ್ದರೆ ಬಾಗಿಲಿನೊಳಗೆ ನೀರು ನಿಂತು ಕಾಗದದ ಕೋನ್ ನೆನೆದು ಮೆತ್ತಗಾಗುತ್ತದೆ. ಸ್ಪೀಕರ್ ಹಾಕಿಸುವ ದಿನ ಹಾಳೆಯನ್ನು ನಿಮ್ಮೆದುರೇ ಅಂಟಿಸಲು ಹೇಳಿ. ಹರಿದಿದ್ದರೆ ದಪ್ಪ ಪ್ಲಾಸ್ಟಿಕ್ಕಿನಿಂದ ಹೊಸದನ್ನು ಕತ್ತರಿಸಿಕೊಳ್ಳಿ, ಅದರ ಕೆಳಗಿನ ಅಂಚು ನೀರನ್ನು ಬಾಗಿಲಿನ ಒಳಕ್ಕೇ ಬೀಳಿಸುವಂತೆ ಸಿಕ್ಕಿಸಿ. ಕೆಳಗಿನ ತೂತುಗಳಲ್ಲಿ ಕಟ್ಟಿದ ಮಣ್ಣನ್ನೂ ಒಂದು ಕಡ್ಡಿಯಿಂದ ಕೆದಕಿ ತೆಗೆಯಿರಿ.